ಬಣ್ಣದ ಬಿಸಿನೀರು ಮೇಲೇಳದೆ ಕೆಳಗೇ ಹರಡುತ್ತಿದ್ದರೆ

ಸಮುದ್ರದ ತಳದಿಂದ ಬಿಸಿನೀರು ಏಳುವುದನ್ನು ಮಕ್ಕಳಿಗೆ ತೋರಿಸಲು, ತಣ್ಣೀರಿನ ಜಾಡಿಯೊಳಗೆ ಬಣ್ಣದ ಬಿಸಿನೀರಿನ ಸಣ್ಣ ಬಾಟಲಿ ಇಳಿಸಿದರೆ ಬಣ್ಣ ಕೆಳಗೇ ಹರಡುತ್ತಿದೆ, ಯಾಕೆ ಅಂತ ಕೇಳಿದ್ದೀರಿ. ಕಾರಣ ಉಪ್ಪು. ಸಮುದ್ರದ ನೀರಿನ ಹಾಗಿರಲಿ ಅಂತ ಸಣ್ಣ ಬಾಟಲಿಯ ಬಿಸಿನೀರಿಗೆ ಎರಡು ಚಮಚ ಹಾಕಿದೆ ಎಂದಿದ್ದೀರಲ್ವಾ, ಅದೇ ಅದನ್ನು ಕೆಳಗೆ ಎಳೆಯುತ್ತಿದೆ. 60 ಡಿಗ್ರಿಗೆ ಕಾಸಿದರೂ ಒಂದು ಲೀಟರ್ ನೀರು ಹಗುರಾಗುವುದು ಸುಮಾರು 14 ಗ್ರಾಂ ಮಾತ್ರ. ಎರಡು ಚಮಚ ಉಪ್ಪಿನ ಮುಂದೆ ಅದು ಏನೂ ಅಲ್ಲ. ಉಪ್ಪು ಪೂರ್ತಿ ಬಿಡಿ. ಆಗ ಬಿಸಿಯಿಂದಲೇ ನೀರು ಏಳುತ್ತದೆ ಅನ್ನೋದು ಮಕ್ಕಳಿಗೆ ಸ್ಪಷ್ಟವಾಗುತ್ತದೆ.

ಬಹುಶಃ ಇನ್ನೊಂದು ಕಾರಣವೂ ಸೇರಿದೆ. ವಿಜಯಪುರದ ಮಾರ್ಚ್ ಮಧ್ಯಾಹ್ನ ಟ್ಯಾಂಕಿನ ನೀರೇ ಬೆಚ್ಚಗಿರುತ್ತದೆ. ಗಾಜಿನ ಜಾಡಿಗೆ ಮಣ್ಣಿನ ಹರವಿಯ ನೀರು ತುಂಬಿ, ಐಸ್ ಕರಗಿಸಿ, ಅಲುಗಾಟ ನಿಲ್ಲುವ ತನಕ ಹತ್ತು ನಿಮಿಷ ಬಿಡಿ.

ಈಗ ಸಣ್ಣ ಬಾಟಲಿ. ಒಳಗೆ ನಾಲ್ಕು ಕಲ್ಲು ಹಾಕಿ, ಇಲ್ಲದಿದ್ದರೆ ವಾಲುತ್ತದೆ. ಕೊರಳಿಗೆ ದಾರ ಕಟ್ಟಿ. ಶಾಯಿ ಬೆರೆಸಿದ ಬಿಸಿನೀರನ್ನು ನೀವೇ ಸುರಿಯಿರಿ, ಮಕ್ಕಳ ಕೈಗೆ ಕೊಡಬೇಡಿ. ಅಂಚಿನವರೆಗೆ ತುಂಬಿ. ಗಾಳಿ ಉಳಿದರೆ ಗುಳ್ಳೆ ಎದ್ದು ಎಲ್ಲ ಕಲಕಿಬಿಡುತ್ತದೆ. ಬಾಯಿಗೆ ಫಾಯಿಲ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ನಿಧಾನವಾಗಿ ಇಳಿಸಿ.

ಚುಚ್ಚುವ ಮೊದಲು ಮಕ್ಕಳಿಗೆ ಇದನ್ನು ಹೇಳಿ: ಆಳ ಸಮುದ್ರದ ತಳದ ಬಿರುಕುಗಳಿಂದ 350 ಡಿಗ್ರಿ ದಾಟಿದ ನೀರೂ ಬರುತ್ತದೆ, ಮೇಲಿನ ನೀರಿನ ಒತ್ತಡಕ್ಕೆ ಅದು ಕುದಿಯುವುದಿಲ್ಲ. ಆಮೇಲೆ ಪೆನ್ಸಿಲ್ ತುದಿಯಿಂದ ಎರಡು ತೂತು. ಬಣ್ಣ ಊದಿನಕಡ್ಡಿ ಹೊಗೆಯ ಹಾಗೆ ಎದ್ದು, ಮೇಲೆ ಹೋಗಿ ಹಾಸಿಕೊಳ್ಳುತ್ತದೆ.