ಜನವರಿಯಲ್ಲಿ ಮನಾಲಿಗೆ ಸ್ವಂತ ಕಾರು: ಹೊರಡುವ ಮೊದಲು ಸ್ನೋ ಚೈನನ್ನು ಅಂಗಳದಲ್ಲಿ ಕಟ್ಟಿ ಕಲಿಯಿರಿ

ಕಾರ್ಕಳದ ಮಿತ್ರರು ಕೇಳಿದ್ದು ಇಷ್ಟು: ಜನವರಿಯಲ್ಲಿ ಪತ್ನಿ, ಮಗಳು, ತಾಯಿಯವರೊಂದಿಗೆ ತಮ್ಮ ಹ್ಯಾಚ್‌ಬ್ಯಾಕ್ ಕಾರಿನಲ್ಲೇ ಮನಾಲಿಗೆ ಹೋಗಬೇಕು, ಜೊತೆಗೆ ಅಟಲ್ ಸುರಂಗ ದಾಟಿ ಆಚೆ ಬದಿಯ ಸಿಸ್ಸು ಎಂಬ ಹಳ್ಳಿಯನ್ನೂ ನೋಡಬೇಕು. ಅದಕ್ಕೆ ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಸ್ನೋ ಚೈನ್ ಕೊಳ್ಳಬೇಕೇ, ಅದೇ ಕೆಲಸಕ್ಕೆ ಬರುವ ತೆಳು ಕೇಬಲ್ ಸಾಕೇ, ಅಲ್ಲೇ ಬಾಡಿಗೆಗೆ ಪಡೆದರೆ ಆಗುವುದಿಲ್ಲವೇ? ಇದಕ್ಕೆ ಇಬ್ಬರು ಮಿತ್ರರು "ಹಿಂದಿನ ಚಕ್ರಕ್ಕೆ ಕಟ್ಟಿ, ಘಟ್ಟದ ಮೇಲಿನ ಎಸ್ಟೇಟ್ ಜೀಪುಗಳಿಗೆ ಹಾಗೆಯೇ ಕಟ್ಟುತ್ತಾರೆ" ಎಂದು ಉತ್ತರಿಸಿದ್ದಾರೆ. ಆ ಮಾತನ್ನು ಹಾಗೆಯೇ ಬಿಡುವಂತಿಲ್ಲ, ಅಲ್ಲಿಂದಲೇ ತೊಡಗುತ್ತೇನೆ.

ಮಳೆಗಾಲದ ಕೆಸರಿನಲ್ಲಿ ಜೀಪಿನ ಹಿಂದಿನ ಚಕ್ರಕ್ಕೆ ಚೈನ್ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಆ ಜೀಪಿನಲ್ಲಿ ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಕ್ಕೆ, ಅದಕ್ಕಾಗಿ ಅಲ್ಲಿ ಕಟ್ಟುತ್ತಾರೆ. ನಮ್ಮ ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಬಹುತೇಕ ಎಲ್ಲವನ್ನೂ ಎಳೆಯುವುದು ಮುಂದಿನ ಚಕ್ರಗಳು. ಒಂದೇ ಜೊತೆ ಚೈನ್ ಇದ್ದರೆ ಅದು ಮುಂದಿನ ಚಕ್ರಗಳಿಗೇ ಹೋಗಬೇಕು. ಹಿಂದಕ್ಕೆ ಕಟ್ಟಿದರೆ ಏರಿನಲ್ಲಿ ಮುಂದಿನ ಚಕ್ರ ನಿಂತಲ್ಲೇ ತಿರುಗುತ್ತಿರುತ್ತದೆ, ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಇನ್ನೋವಾ ಕ್ರಿಸ್ಟಾ, ಬೊಲೆರೊ ಇರುವವರು ಹಿಂದಕ್ಕೆ ಕಟ್ಟಬೇಕು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಫೋರ್ ಬೈ ಫೋರ್ ಇರುವವರು ಕಾರಿನ ಕೈಪಿಡಿಯಲ್ಲಿ ಹೇಳಿದ ಹಾಗೆ ಮಾಡಬೇಕು. ಅಂದ ಹಾಗೆ, ಕೆಸರು ಮತ್ತು ಹಿಮದ ನಂಟು ಹಳೆಯದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಎಂಬವರು 1904ರಲ್ಲಿ ಟೈರ್ ಚೈನಿಗೆ ಪೇಟೆಂಟ್ ಪಡೆದರು. ಚಾಲಕರು ಕೆಸರು, ಹಿಮ ದಾಟಲು ಟೈರಿಗೆ ಹಗ್ಗ ಸುತ್ತುತ್ತಿದ್ದುದನ್ನು ನೋಡಿ ಅವರಿಗೆ ಇದು ಹೊಳೆಯಿತಂತೆ.

ಮುಂದಕ್ಕೆ ಮಾತ್ರ ಕಟ್ಟಿದಾಗ ಒಂದು ಅಪಾಯ ಉಳಿದೇ ಇರುತ್ತದೆ. ಮುಂದಿನ ಚಕ್ರಕ್ಕೆ ಹಿಡಿತ ಇದೆ, ಹಿಂದಿನದಕ್ಕೆ ಇಲ್ಲ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಮುಂಭಾಗ ನಿಲ್ಲುತ್ತದೆ, ಹಿಂಭಾಗ ಬಾಲ ಬೀಸಿದಂತೆ ಪಕ್ಕಕ್ಕೆ ಸರಿಯುತ್ತದೆ. ನಾಲ್ಕೂ ಚಕ್ರಕ್ಕೆ ಕಟ್ಟಿದರೆ ಇದು ಬಹಳ ಕಡಿಮೆಯಾಗುತ್ತದೆ, ಆದರೆ ಅಷ್ಟು ಚೈನ್ ಹೊತ್ತು ಹೋಗುವವರು ವಿರಳ. ಆದ್ದರಿಂದ ಇಳಿಯುವಾಗ ಆಗುಂಬೆ ಘಾಟಿಯ 14 ತಿರುವುಗಳನ್ನು ಎರಡನೇ ಗೇರಿನಲ್ಲಿ ಇಳಿಸುವ ಹಾಗೆ, ಎಂಜಿನ್ನಿನ ಹಿಡಿತದಲ್ಲೇ ಇಳಿಯಿರಿ. ಬ್ರೇಕನ್ನು ತಿರುವಿಗೆ ಬಹಳ ಮೊದಲೇ, ಕಾರು ನೇರ ಇರುವಾಗಲೇ, ಮೆಲ್ಲನೆ ಒತ್ತಿ ಬಿಡಿ.

ಇನ್ನು ಬಾಡಿಗೆ ಚೈನ್. ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. ಮೂರು ವರ್ಷದ ಹಿಂದೆ ನಾನು, ಭಾವ ಇಬ್ಬರೂ ಉಡುಪಿಯಿಂದ ಕಾರಿನಲ್ಲೇ ಹೋಗಿದ್ದೆವು. ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿಯಲ್ಲಿ ಏನೂ ತೊಂದರೆ ಆಗಲಿಲ್ಲ. ಮನಾಲಿಯಿಂದ ಸೋಲಂಗ್ ಕಣಿವೆಯ ಕಡೆಗೆ ಹೋಗುವಾಗ ರಸ್ತೆ ಬದಿಯ ಅಂಗಡಿಯೊಂದರಲ್ಲಿ ಚೈನ್ ಬಾಡಿಗೆಗೆ ತೆಗೆದುಕೊಂಡೆವು. ಅಂಗಡಿಯ ಹುಡುಗ ಐದೇ ನಿಮಿಷದಲ್ಲಿ ಕಟ್ಟಿ ಕೊಟ್ಟ. ಅದು ದೊಡ್ಡ ಗಾಡಿಯ ಟೈರಿನ ಚೈನ್ ಆಗಿತ್ತು. ಉಳಿದ ನಾಲ್ಕೈದು ಕೊಂಡಿಗಳನ್ನು ಬೈಂಡಿಂಗ್ ತಂತಿಯಲ್ಲಿ ಬಿಗಿದಿದ್ದ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಬಲಗಡೆ ಟಪ್ ಟಪ್ ಎಂಬ ಸದ್ದು. ಚೈನ್ ಎಂದರೆ ಸದ್ದು ಇರುವುದೇ ಎಂದುಕೊಂಡು ಮುಂದುವರಿದೆವು. ಆಮೇಲೆ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆಯ ಎಚ್ಚರಿಕೆ ದೀಪ ಹತ್ತಿತು. ಇಳಿದು ನೋಡಿದರೆ ತಂತಿ ತುಂಡಾಗಿ ಚೈನಿನ ತುದಿ ಸುತ್ತು ಸುತ್ತಿಗೂ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಡಿದು ಹರಿದಿತ್ತು, ಅದರ ಹಿಂದಿನ ಸೆನ್ಸರ್ ವಯರ್ ಎರಡು ತುಂಡಾಗಿ ನೇತಾಡುತ್ತಿತ್ತು. ಬಿಚ್ಚೋಣವೆಂದರೆ ಒದ್ದೆ ತಂತಿಯ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಉಣ್ಣೆಯ ಕೈಗವಸು ನೆನೆದು ಐದು ನಿಮಿಷಕ್ಕೆ ಬೆರಳುಗಳು ಮರಗಟ್ಟಿದವು. ಕೈಯಲ್ಲಿ ಇಕ್ಕಳ ಇದೆಯೋ ಜಾರಿ ಬಿತ್ತೋ ನೋಡಿಯೇ ತಿಳಿಯಬೇಕಾಗಿತ್ತು. ಬಿಚ್ಚಲು ನಲವತ್ತು ನಿಮಿಷ ಹಿಡಿಯಿತು.

ಅಳತೆ ಸರಿ ಇಲ್ಲದ ಚೈನ್ ಇರುವುದಕ್ಕಿಂತ ಇಲ್ಲದಿರುವುದೇ ಲೇಸು ಎಂದು ನಾನು ಹೇಳುವುದು ಇದರಿಂದಲೇ. ಟೈರಿನ ಪಕ್ಕದಲ್ಲಿ 185/65 ಆರ್ 15 ಎಂಬಂತೆ ಒಂದು ಬರಹ ಇರುತ್ತದೆ. ಅಗಲ, ಎತ್ತರದ ಪ್ರಮಾಣ, ರಿಮ್ಮಿನ ಅಳತೆ, ಮೂರೂ ಚೈನಿನ ಪೆಟ್ಟಿಗೆಯ ಮೇಲಿನ ಪಟ್ಟಿಯಲ್ಲಿ ಇರಬೇಕು. "ಎಲ್ಲ ಕಾರಿಗೂ ಆಗುತ್ತದೆ" ಎಂದು ಬರೆದಿರುವುದನ್ನು ಮುಟ್ಟಬೇಡಿ. ಅದಕ್ಕೂ ಮೊದಲು ಕಾರಿನ ಕೈಪಿಡಿಯಲ್ಲಿ ಟೈರ್ ಚೈನ್ ಎಂಬ ಭಾಗ ಓದಿ. ಕೆಲವು ಅಳತೆಯ ಟೈರಿಗೆ ಚೈನ್ ಹಾಕಲೇಬಾರದು ಎಂದು ತಯಾರಕರೇ ಹೇಳಿರುತ್ತಾರೆ.

ಕಾರಣ ಜಾಗ. ಸ್ಟಿಯರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಟೈರಿನ ಒಳಬದಿಗೂ ಶಾಕ್ ಅಬ್ಸಾರ್ಬರಿಗೂ ನಡುವೆ ತೋರುಬೆರಳು ಹಾಕಿ ನೋಡಿ. ಬೆರಳು ಆಡುವಷ್ಟು ಜಾಗ ಇಲ್ಲದಿದ್ದರೆ ದಪ್ಪ ಕೊಂಡಿಯ ಚೈನ್ ಆಗುವುದಿಲ್ಲ. ಚಕ್ರದ ಸುತ್ತ ಜಾಗ ಇಕ್ಕಟ್ಟಾದ ಕಾರುಗಳನ್ನು ಅಮೆರಿಕದಲ್ಲಿ 'ಎಸ್' ದರ್ಜೆ ಎಂದು ಗುರುತಿಸುತ್ತಾರೆ. ಅದರ ಪ್ರಕಾರ ಒಳಪಕ್ಕದಲ್ಲಿ ಸುಮಾರು 15 ಮಿಲಿಮೀಟರ್, ಟೈರಿನ ಮೇಲ್ಮೈಯಿಂದ ಸುಮಾರು 37 ಮಿಲಿಮೀಟರ್ ಜಾಗವಾದರೂ ಬೇಕು. ಕೇಬಲ್ ಕೆಲಸಕ್ಕೆ ಬರುವುದು ಇಲ್ಲಿಯೇ. ಉಕ್ಕಿನ ಹಗ್ಗದ ಮೇಲೆ ಸಣ್ಣ ಉರುಳೆಗಳನ್ನು ಪೋಣಿಸಿರುತ್ತಾರೆ, ತೆಳುವಾಗಿರುತ್ತದೆ, ತೂಕ ಕಡಿಮೆ, ಕಟ್ಟುವುದೂ ಸುಲಭ. ಆದರೆ ಗಟ್ಟಿ ಮಂಜುಗಡ್ಡೆಯ ಏರಿನಲ್ಲಿ ಚೈನಿನಷ್ಟು ಕಚ್ಚುವುದಿಲ್ಲ, ಬೇಗ ಸವೆಯುತ್ತದೆ. ಜಾಗ ಇದ್ದರೆ ಚೈನ್, ಜಾಗ ಇಲ್ಲದಿದ್ದರೆ ಕೇಬಲ್, ನನ್ನ ಲೆಕ್ಕ ಇಷ್ಟೇ. ಚೈನಿನಲ್ಲೂ ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಇರುವುದಕ್ಕಿಂತ ವಜ್ರಾಕಾರದ ಹೆಣಿಗೆಯದ್ದನ್ನು ಆರಿಸಿ. ಏಣಿಯ ಹೆಣಿಗೆಯಲ್ಲಿ ಎರಡು ಮೆಟ್ಟಿಲಿನ ನಡುವಿನ ಖಾಲಿ ಜಾಗ ನೆಲಕ್ಕೆ ಬಂದಾಗ ಚಕ್ರ ಪಕ್ಕಕ್ಕೆ ಜಾರುತ್ತದೆ. ಸ್ಟಿಯರಿಂಗ್ ಇರುವ ಮುಂದಿನ ಚಕ್ರಕ್ಕೆ ಅದು ಒಳ್ಳೆಯದಲ್ಲ. ಆನ್‌ಲೈನಿನಲ್ಲಿ ಸಿಗುವ ಪ್ಲಾಸ್ಟಿಕ್ ಪಟ್ಟಿಗಳನ್ನು ನಂಬಿ ಘಾಟಿ ಹತ್ತಬೇಡಿ, ಅವು ತುಂಡಾಗುತ್ತವೆ. ರಿಮ್ಮಿನ ಕಂಡಿಯಲ್ಲಿ ಹಾದುಹೋಗುವಾಗ ಒಳಗೆ ಬ್ರೇಕಿನ ಭಾಗಕ್ಕೆ ತಾಗುವುದೂ ಉಂಟು.

ಚೈನ್ ಬಂದ ದಿನವೇ ಅಂಗಳದಲ್ಲಿ ಕಟ್ಟಿ ನೋಡಿ. ಒಮ್ಮೆ ಕಟ್ಟಿದರೆ ಸಾಲದು, ಹತ್ತು ಸಲ ಕಟ್ಟಿ ಬಿಚ್ಚಿ. ಕೊನೆಯ ಎರಡು ಸಲ ರಾತ್ರಿ, ಅಂಗಳದ ದೀಪ ಆರಿಸಿ, ತಲೆಗೆ ಕಟ್ಟುವ ಟಾರ್ಚಿನ ಬೆಳಕಿನಲ್ಲಿ, ಕೈಗವಸು ಹಾಕಿಕೊಂಡು. ಹಿಮ ಸುರಿಯುವಾಗ ನಿಮಗೆ ಸಿಗುವುದು ಅಂಥದ್ದೇ ಹೊತ್ತು. ಚೈನನ್ನು ಮೊದಲು ನೆಲದ ಮೇಲೆ ಹಾಸಿ, ಎಲ್ಲೂ ತಿರುಚಿಲ್ಲವೆಂದು ಕೈಯಾಡಿಸಿ ನೋಡಿಕೊಳ್ಳಿ. ಕೊಕ್ಕೆಗಳ ಬಾಯಿ ಹೊರಕ್ಕೆ ಇರಬೇಕು, ಟೈರಿಗೆ ತಾಗುವ ಬದಿ ನುಣುಪಾಗಿರಬೇಕು. ಒಳಬದಿಯ ಬಳೆಯನ್ನು, ಅಂದರೆ ತುದಿ ಬಿಚ್ಚಿ ಸೇರಿಸಬಹುದಾದ ಸುತ್ತನ್ನು, ಚಕ್ರದ ಹಿಂದಿನಿಂದ ತೂರಿಸಿ ಎರಡೂ ತುದಿ ಮೇಲೆ ತಂದು ಸೇರಿಸಿ, ಪೂರ್ತಿ ಆಚೆ ತಳ್ಳಿ. ಹೆಚ್ಚಿನವರು ಎಡವುವುದು ಇಲ್ಲಿ. ಆ ಬಳೆ ಒಳಗಡೆ ಸರಿಯಾಗಿ ಕುಳಿತಿದೆಯೇ ಎಂದು ಚಕ್ರದ ಹಿಂದೆ ಕೈ ಹಾಕಿ ಸವರಿಯೇ ತಿಳಿಯಬೇಕು, ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಹೊರಗಿನ ಕೊಕ್ಕೆಗಳನ್ನು ಸೇರಿಸಿ, ಬಿಗಿಯುವ ಚೈನನ್ನು ಎಳೆದು, ಉಳಿದ ತುದಿಯನ್ನು ನೇತಾಡದಂತೆ ಸಿಕ್ಕಿಸಿ. ಚಕ್ರ ಅರ್ಧ ಸುತ್ತು ತಿರುಗುವಷ್ಟು ಕಾರನ್ನು ಸರಿಸಿ ಮತ್ತೆ ಬಿಗಿಯಿರಿ. ರಸ್ತೆಯಲ್ಲಾದರೆ ಐವತ್ತರಿಂದ ನೂರು ಮೀಟರ್ ಹೋಗಿ ನಿಲ್ಲಿಸಿ ಮೂರನೆಯ ಸಲ ಬಿಗಿಯಬೇಕು. ಇದನ್ನು ಬಿಟ್ಟರೆ ಮೇಲೆ ಹೇಳಿದ ಟಪ್ ಟಪ್ ಸದ್ದು ನಿಮಗೂ ಕೇಳಿಸುತ್ತದೆ. ಸುಲಭವಾಗಲೆಂದು ಟೈರಿನ ಗಾಳಿ ಇಳಿಸಿ ಕಟ್ಟುವುದು ತಪ್ಪು. ವೀಲ್ ಕ್ಯಾಪ್ ಇದ್ದರೆ ಮೊದಲೇ ತೆಗೆದಿಡಿ. ಈಗ ನನಗೆ ಒಂದು ಚಕ್ರಕ್ಕೆ ಎಂಟು ನಿಮಿಷ ಸಾಕು.

ಕೈಗವಸಿಗೆ ನಾನು ಕಂಡುಕೊಂಡ ಉಪಾಯ ಮಲ್ಪೆಯದ್ದು. ಬಂದರಿನಲ್ಲಿ ಮಂಜುಗಡ್ಡೆ, ಮೀನು ಎತ್ತುವವರು ಹಾಕುವ ರಬ್ಬರ್ ಕೈಗವಸು ಇದೆಯಲ್ಲ, ಅದರೊಳಗೆ ತೆಳ್ಳನೆಯ ಹತ್ತಿಯ ಕೈಗವಸು. ನೀರು ಒಳಗೆ ಬರುವುದಿಲ್ಲ, ಕೊಂಡಿ ಜಾರುವುದಿಲ್ಲ. ಮೊಣಕಾಲೂರಲು ಅಡಿಕೆ ಒಣಗಿಸುವ ಟಾರ್ಪಾಲಿನ ಒಂದು ತುಂಡು, ಒಂದು ಸಣ್ಣ ಸಲಿಕೆ. ಇವು ಕೈಗೆ ಸುಲಭವಾಗಿ ಸಿಗುವಂತೆ ಡಿಕ್ಕಿಯಲ್ಲಿ ಎಲ್ಲಕ್ಕಿಂತ ಮೇಲೆ ಇರಲಿ, ಸೂಟ್‌ಕೇಸುಗಳ ಅಡಿಯಲ್ಲಿ ಬೇಡ.

ಕಟ್ಟಿದ ಮೇಲೆ ವೇಗ ಮೂವತ್ತು ನಲವತ್ತರಲ್ಲೇ ಇರಲಿ. ತಯಾರಕರು ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ ಗಂಟೆಗೆ 50 ಕಿಲೋಮೀಟರ್. ಒಣ ಡಾಂಬರು ಬಂದ ಕೂಡಲೇ ಜಾಗ ನೋಡಿ ನಿಲ್ಲಿಸಿ ಬಿಚ್ಚಿ. ಬರಿಯ ರಸ್ತೆಯಲ್ಲಿ ಓಡಿಸಿದರೆ ಚೈನ್ ಸವೆದು ತುಂಡಾಗುತ್ತದೆ, ಟೈರೂ ಹಾಳು.

ಚೈನಿಗೂ ಕೈ ಮೀರುವುದು ಕಾಣದ ಮಂಜುಗಡ್ಡೆ. ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಪಾಚಿ ಹಿಡಿದ ಅಂಗಳ ನೋಡುವುದಕ್ಕೆ ಬರೀ ಒದ್ದೆಯಂತೆ ಕಾಣುತ್ತದೆ, ಕಾಲಿಟ್ಟಾಗಲೇ ಗೊತ್ತಾಗುವುದು. ನಾವು ಅದಕ್ಕೆ ತೆಂಗಿನ ಮಡಲು ಹಾಸುತ್ತೇವೆ. ಅಲ್ಲಿ ಮಧ್ಯಾಹ್ನದ ಬಿಸಿಲಿಗೆ ಕರಗಿದ ಹಿಮದ ನೀರು ಸಂಜೆಗೆ ರಸ್ತೆಯ ಮೇಲೆ ಗಾಜಿನಂತೆ ಹೆಪ್ಪುಗಟ್ಟುತ್ತದೆ, ಅದರಲ್ಲೂ ಬೆಟ್ಟದ ನೆರಳಿನ ತಿರುವುಗಳಲ್ಲಿ, ಸೇತುವೆಗಳ ಮೇಲೆ. ಹಾಗಾಗಿ ಮಧ್ಯಾಹ್ನ ಮೂರರ ಮೇಲೆ ಮೇಲಿನ ರಸ್ತೆಯಲ್ಲಿ ಇರಬೇಡಿ.

ಕರಾವಳಿಯ ಕಾರಿಗೇ ಸಂಬಂಧಿಸಿದ ಇನ್ನೊಂದು ವಿಷಯ ಇದೆ, ಚೈನಿಗಿಂತ ಮೊದಲು ಆಗಬೇಕಾದದ್ದು. ನಮ್ಮಲ್ಲಿ ರೇಡಿಯೇಟರಿಗೆ ಬಾವಿ ನೀರು ಸುರಿಯುವವರು ಬಹಳ. ಇಲ್ಲಿ ಅದು ನಡೆಯುತ್ತದೆ, ಮನಾಲಿಯ ರಾತ್ರಿಯಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕೇ ಬಿರುಕು ಬಿಡಬಹುದು. ಹಳೆಯದನ್ನು ಪೂರ್ತಿ ಖಾಲಿ ಮಾಡಿಸಿ ಮೊದಲೇ ನೀರು ಬೆರೆಸಿರದ ಕೂಲಂಟ್ ಮತ್ತು ಭಟ್ಟಿ ಇಳಿಸಿದ (ಡಿಸ್ಟಿಲ್ಡ್) ನೀರು ಸಮಪಾಲಿನಲ್ಲಿ ತುಂಬಿಸಿ. ಸಾಮಾನ್ಯ ಎಥಿಲೀನ್ ಗ್ಲೈಕಾಲ್ ಕೂಲಂಟ್ ಆದರೆ ಆ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ತಡೆಯುತ್ತದೆ. ಟೈರಿನ ಗಾಳಿಯೂ ಹಾಗೆಯೇ. ಪ್ರತಿ ಐದೂವರೆ ಡಿಗ್ರಿ ಚಳಿಗೆ ಹತ್ತಿರ ಹತ್ತಿರ ಒಂದು ಪಿಎಸ್‌ಐ ಇಳಿಯುತ್ತದೆ. ಚಳಿಯ ಲೆಕ್ಕವೊಂದನ್ನೇ ಹಿಡಿದರೆ, ಮೂವತ್ತು ಡಿಗ್ರಿಯ ಉಡುಪಿಯಲ್ಲಿ 33 ತುಂಬಿಸಿದ್ದು ಮೈನಸ್ ಐದರಲ್ಲಿ 27ರ ಆಸುಪಾಸಿಗೆ ಬರುತ್ತದೆ. ಅಲ್ಲಿ ಬೆಳಿಗ್ಗೆ, ಕಾರು ಓಡಿಸುವ ಮೊದಲು ಅಳೆದು ತುಂಬಿಸಿ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಅದು ಹಿಡಿದುಕೊಳ್ಳುವ ಸಂಭವ ಇದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.

ತಾಯಿಯವರೂ ಮಗುವೂ ಜೊತೆಗಿರುವುದರಿಂದ ಇದೊಂದನ್ನು ದಯವಿಟ್ಟು ಗಮನಿಸಿ. ಹಿಮದಲ್ಲಿ ಸಿಕ್ಕಿಬಿದ್ದರೆ ಕಿಟಕಿ ಮುಚ್ಚಿ ಎಂಜಿನ್ ಓಡಿಸಿಕೊಂಡು ಮಲಗಬೇಡಿ. ಸೈಲೆನ್ಸರಿನ ಬಾಯಿಗೆ ಹಿಮ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ಬರುತ್ತದೆ, ಅದಕ್ಕೆ ವಾಸನೆ ಇಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮದಲ್ಲಿ ಸಿಲುಕಿದ ಕಾರುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರವಾಸಿಗರು ತೀರಿಕೊಂಡರು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಪ್ರತಿ ಸಲ ಎಂಜಿನ್ ಶುರು ಮಾಡುವ ಮೊದಲು ಇಳಿದು ಸೈಲೆನ್ಸರಿನ ಸುತ್ತ ಹಿಮ ತೆಗೆಯಿರಿ, ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಒಂದು ಕಿಟಕಿ ಸ್ವಲ್ಪ ತೆರೆದಿರಲಿ. ಕಂಬಳಿ, ಕುಡಿಯುವ ನೀರು, ತಿನ್ನಲು ಏನಾದರೂ ಕಾರಿನೊಳಗೇ ಇರಬೇಕು.

ಈಗ ನಿಮ್ಮ ಮೂಲ ಪ್ರಶ್ನೆ. ಮನಾಲಿಯಿಂದ ಆಚೆ ಬದಿಗೆ ದಾಟುವ ಹಳೆಯ ಬೆಟ್ಟದ ದಾರಿಯಾದ ರೋಹ್ತಾಂಗ್ ಪಾಸ್ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಅಟಲ್ ಸುರಂಗ 9.02 ಕಿಲೋಮೀಟರ್ ಉದ್ದ, 2020ರ ಅಕ್ಟೋಬರಿನಿಂದ ಸಂಚಾರಕ್ಕೆ ತೆರೆದಿದೆ. ಸುರಂಗದ ಒಳಗೆ ಹಿಮ ಇಲ್ಲ, ಇರುವುದು ಮೂರು ಸಾವಿರ ಮೀಟರ್ ಎತ್ತರದ ಅದರ ಎರಡೂ ಬಾಯಿಗಳ ಹೊರಗಿನ ರಸ್ತೆಯಲ್ಲಿ. ಹಿಮ ಬಿದ್ದಾಗ ಪೊಲೀಸರು ಕೆಳಗೇ ತಡೆದು ಫೋರ್ ಬೈ ಫೋರ್ ಅಥವಾ ಚೈನ್ ಕಟ್ಟಿದ ವಾಹನಗಳನ್ನು ಮಾತ್ರ ಬಿಡುತ್ತಾರೆ, ಕೆಲವು ದಿನ ಯಾರನ್ನೂ ಬಿಡುವುದಿಲ್ಲ. ಚೈನ್ ಇದೆ, ಪೊಲೀಸರೂ ಬಿಟ್ಟರು ಎಂದು ಮೇಲೆ ಹೋಗಬೇಡಿ ಮಾರಾಯರೇ. ನಾನು ಚೈನನ್ನು ಮೇಲೆ ಹೋಗಲಿಕ್ಕಲ್ಲ, ವಾಪಸು ಬರಲಿಕ್ಕೆ ಬೇಕಾದ ಸಾಮಾನು ಎಂದೇ ತಿಳಿದು ಡಿಕ್ಕಿಯಲ್ಲಿಡುತ್ತೇನೆ. ಒಣ ರಸ್ತೆಯಲ್ಲಿ ಹೋಗಿದ್ದಾಗ ಇದ್ದಕ್ಕಿದ್ದಂತೆ ಹಿಮ ಸುರಿದರೆ, ಅಥವಾ ಮನಾಲಿ ಊರಿನಲ್ಲೇ ಬಿದ್ದು ಹೋಟೆಲಿನ ಏರು ದಾರಿ ಜಾರಿದರೆ, ಕೆಳಗೆ ಇಳಿಯಲು ಬೇಕಾಗುತ್ತದೆ. ಅಷ್ಟಕ್ಕಾಗಿ ಖಂಡಿತ ಕೊಳ್ಳಿ. ಸಿಸ್ಸುವಿಗೆ ಮಾತ್ರ, ರಸ್ತೆ ಒಣಗಿರದಿದ್ದರೆ, ಕಾರನ್ನು ಮನಾಲಿಯಲ್ಲೇ ಬಿಟ್ಟು ಅಲ್ಲಿಯ ಫೋರ್ ಬೈ ಫೋರ್ ಟ್ಯಾಕ್ಸಿಯಲ್ಲಿ ಹೋಗಿ. ಆ ಚಾಲಕರಿಗೆ ಯಾವ ತಿರುವಿನಲ್ಲಿ ಬಿಸಿಲು ಬೀಳುವುದಿಲ್ಲ ಎಂಬುದು ಗೊತ್ತಿರುತ್ತದೆ. ಇದೇ ಚರ್ಚೆಯಲ್ಲಿ ಕಾಶ್ಮೀರದ ಗುಲ್ಮಾರ್ಗ್ ಬಗ್ಗೆ ಕೇಳಿದವರಿಗೂ ಇದೇ ಉತ್ತರ: ಅದರ ಕೆಳಗಿನ ಊರಾದ ಟಂಗ್‌ಮಾರ್ಗಿನಲ್ಲಿ ನಿಮ್ಮ ಕಾರು ನಿಲ್ಲಿಸಿ, ಕೊನೆಯ 13 ಕಿಲೋಮೀಟರಿಗೆ ಚೈನ್ ಕಟ್ಟಿದ ಸ್ಥಳೀಯ ಗಾಡಿ ಹಿಡಿಯಿರಿ.

ಊರಿಗೆ ಬಂದ ಮೇಲೆ ಚೈನನ್ನು ಸಿಹಿನೀರಿನಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಹಾಕಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ. ನಮ್ಮ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಕೊಕ್ಕೆಗಳು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ.

ನನ್ನ ಬಳಿ ಇರುವುದು 185/65 ಆರ್ 15ರ ಒಂದು ಜೊತೆ. ನಿಮ್ಮ ಟೈರಿನ ಪಕ್ಕದ ಬರಹದ ಫೋಟೋ ಇಲ್ಲಿ ಹಾಕಿ. ಅಳತೆ ಅದೇ ಆಗಿದ್ದರೆ ಕೊಳ್ಳುವ ಅಗತ್ಯವೇ ಇಲ್ಲ, ಒಂದು ಭಾನುವಾರ ಕಾರು ತೆಗೆದುಕೊಂಡು ಉಡುಪಿಗೆ ಬನ್ನಿ. ನಮ್ಮ ಅಂಗಳದಲ್ಲೇ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ, ಕೈ ಕುಳಿತ ಮೇಲೆ ಚೈನನ್ನು ಜೊತೆಗೇ ಒಯ್ಯಿರಿ.