ಇಬ್ಬರು ಅಜ್ಜಿಯರ ನಡುವೆ ಒಂದು ಮಗು

ಪ್ರಶ್ನೆ: ನಾನು ಹಾಸನದವಳು. ಪತಿ ಚೀನಾದ ಹುನಾನ್ ಪ್ರಾಂತ್ಯದವರು. ಇಬ್ಬರೂ ಈಗ ಅಮೆರಿಕದ ಪೌರರು, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಎರಡು ವರ್ಷದ ಹಿಂದೆ ನಾದಿನಿ ಮತ್ತು ಅವಳ ಗಂಡ ಅಪಘಾತದಲ್ಲಿ ತೀರಿಕೊಂಡರು. ಅವರ ನಾಲ್ಕು ವರ್ಷದ ಮಗಳು ಚಾಂಗ್‌ಶಾ ನಗರದಲ್ಲಿ ನಮ್ಮ ಅತ್ತೆಯವರ ಹತ್ತಿರ ಬೆಳೆಯುತ್ತಿದ್ದಾಳೆ. ದತ್ತು ಪಡೆಯಲು ಎರಡೂ ದೇಶಗಳಲ್ಲಿ ಒಪ್ಪಿಗೆ ಸಿಕ್ಕಿದೆ, ಬರುವ ತಿಂಗಳು ಕರೆತರಬೇಕು. ಅತ್ತೆ ಹೇಳುವುದು: "ಮಲಗಿದ್ದಾಗಲೇ ಎತ್ತಿಕೊಂಡು ಹೋಗಿಬಿಡಿ, ಎಚ್ಚರವಿದ್ದರೆ ನನ್ನ ಬಿಟ್ಟು ಬರುವುದಿಲ್ಲ." ನನ್ನ ಅಮ್ಮ ಆರು ತಿಂಗಳಿಗೆಂದು ನಮ್ಮ ಮನೆಗೆ ಬಂದಿದ್ದಾರೆ. ವಿಮಾನ ನಿಲ್ದಾಣಕ್ಕೆ ಇಪ್ಪತ್ತೈದು ಜನರನ್ನು ಕರೆದುಕೊಂಡು ಬರುತ್ತಾರಂತೆ. ಹಾಸನದಲ್ಲಿರುವ ಅಪ್ಪನಿಗೆ ಆರೋಗ್ಯ ಅಷ್ಟಕ್ಕಷ್ಟೆ. ಬರುವ ದಾರಿಯಲ್ಲೇ ಬೆಂಗಳೂರಿಗೆ ಬಂದು ಮೊಮ್ಮಗಳನ್ನು ತೋರಿಸಿ ಹೋಗು ಎನ್ನುತ್ತಾರೆ. ಮಗು ನನ್ನ ಗಂಡನನ್ನು ಬಿಡುವುದಿಲ್ಲ, ನನ್ನನ್ನು ಕಂಡರೆ ಮುಖ ತಿರುಗಿಸುತ್ತದೆ. ಯಾರ ಮಾತು ಕೇಳಲಿ?

ಉತ್ತರ: ಈ ಮೂವರ ಮಾತಿನಲ್ಲೂ ಪ್ರೀತಿಯಿದೆ. ಆದರೂ ಈ ಸಲ ಮೂವರ ಮಾತನ್ನೂ ಕೇಳಬೇಡಿ. ಈ ಮಗು ಆಗಲೇ ಅಪ್ಪ ಅಮ್ಮನನ್ನು ಕಳೆದುಕೊಂಡಿದೆ, ಈಗ ಅಜ್ಜಿಯಿಂದ ದೂರವಾಗಲಿದೆ. ಇನ್ನು ಮುಂದೆ ಅದು ಯಾರನ್ನು ಅವಲಂಬಿಸುತ್ತದೋ ಅವರು ಕೊನೆಯವರೆಗೂ ಇರುವವರಾಗಿರಬೇಕು. ನಿಮ್ಮ ಪ್ರತಿಯೊಂದು ತೀರ್ಮಾನವನ್ನೂ ಈ ಒಂದು ಒರೆಗಲ್ಲಿಗೆ ಉಜ್ಜಿ ನೋಡಿ.

ಮೊದಲು ಬೆಂಗಳೂರಿನ ವಿಷಯ. ಅದು ಬೇಡ. ಮಗು ಪ್ರಯಾಣ ಮಾಡುವುದು ಚೀನಾದ ಪಾಸ್‌ಪೋರ್ಟ್ ಮೇಲೆ. ಭಾರತ 2025ರ ಜುಲೈನಿಂದ ಚೀನೀಯರಿಗೆ ಪ್ರವಾಸಿ ವೀಸಾ ಮತ್ತೆ ಕೊಡುತ್ತಿದೆ, ನಿಜ. ಆದರೆ ಅದಕ್ಕೆ ಬೇರೆಯದೇ ಅರ್ಜಿ, ಬೇರೆಯದೇ ಕಾಯುವಿಕೆ. ಅದಕ್ಕಿಂತ ಮುಖ್ಯವಾದದ್ದು, ಐಎಚ್-3 ವೀಸಾ (ಹೊರದೇಶದಲ್ಲೇ ದತ್ತು ಪೂರ್ಣವಾದ ಮಕ್ಕಳಿಗೆ ಅಮೆರಿಕ ಕೊಡುವ ವಲಸೆ ವೀಸಾ) ಮೇಲೆ ನಿಮ್ಮ ಜೊತೆ ಅಮೆರಿಕದ ನೆಲಕ್ಕೆ ಕಾಲಿಟ್ಟು ತಪಾಸಣೆ ಮುಗಿದ ಮೇಲಷ್ಟೇ ಮಗು ಅಲ್ಲಿಯ ಪೌರಳಾಗುತ್ತದೆ. 2001ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾನೂನು ಕೊಟ್ಟ ಅನುಕೂಲ ಅದು. ಅಲ್ಲಿಯವರೆಗೆ ಮೂರನೇ ದೇಶದಲ್ಲಿ ಮಗುವಿಗೆ ಜ್ವರ ಬಂದರೂ, ಪಾಸ್‌ಪೋರ್ಟ್ ಕಳೆದರೂ ನಿಮ್ಮ ಕೈ ಕಟ್ಟಿದಂತೆ. ಅಪ್ಪನಿಗೆ ಹೇಳಿ: ಮಗು ಮನೆಗೆ ಒಗ್ಗಿದ ಮೇಲೆ, ಅಮೆರಿಕದ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಹಾಸನಕ್ಕೇ ಬರುತ್ತೇವೆ, ನಾಲ್ಕು ದಿನ ಇರುತ್ತೇವೆ ಎಂದು. ವಿಮಾನದಲ್ಲಿ ಅತ್ತು ಸೊರಗಿದ ಮಗುವನ್ನು ಎರಡು ದಿನ ತೋರಿಸಿ ಎಳೆದೊಯ್ಯುವುದಕ್ಕಿಂತ ಅದು ಅವರಿಗೂ ಒಳ್ಳೆಯದು.

ಅತ್ತೆಯವರ ಸಲಹೆಯೇ ಎಲ್ಲಕ್ಕಿಂತ ಅಪಾಯದ್ದು. ಹಾಗೆಂದು ಅವರಿಗೆ ಹೇಳಬೇಕಾಗಿಲ್ಲ. ಅವರು ಮಗುವಿನ ಅಳುವಿಗೆ ಹೆದರಿದ್ದಾರೆ, ಅದರ ಜೊತೆ ತಮ್ಮ ಅಳುವಿಗೂ. ಅಜ್ಜಿಯ ಮಗ್ಗುಲಲ್ಲಿ ಮಲಗಿದ ಮಗು ಹೋಟೆಲಿನ ಕೋಣೆಯಲ್ಲಿ ಕಣ್ಣು ಬಿಟ್ಟರೆ, ನಿದ್ದೆ ಮಾಡಿದರೆ ಜನ ಕಾಣೆಯಾಗುತ್ತಾರೆ ಎಂಬ ಪಾಠ ಅದರ ಮೈಗೇ ಇಳಿಯುತ್ತದೆ. ಅಂಥ ಮಕ್ಕಳು ತಿಂಗಳುಗಟ್ಟಲೆ ರಾತ್ರಿ ಕಾವಲು ಕಾಯುತ್ತವೆ. ನೀವು ಬಚ್ಚಲಿಗೆ ಹೋದರೂ ಬಾಗಿಲಲ್ಲಿ ನಿಂತು ಕಿರುಚುತ್ತವೆ.

ಬದಲಿಗೆ ಹೀಗೆ ಮಾಡಿ. ರಜೆ ಸಿಗುವಷ್ಟು ಮುಂಚೆ, ಹತ್ತು ದಿನವಾದರೂ ಮೊದಲು ಚಾಂಗ್‌ಶಾಗೆ ಹೋಗಿ, ಅತ್ತೆಯವರ ಮನೆಯಲ್ಲೇ ಉಳಿಯಿರಿ. ಮೊದಲ ಎರಡು ಮೂರು ದಿನ ಮಗುವಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ, ಸುಮ್ಮನೆ ನೋಡಿ, ಬರೆದುಕೊಳ್ಳಿ. ಎಷ್ಟು ಗಂಟೆಗೆ ಏಳುತ್ತಾಳೆ, ಯಾವ ಬಟ್ಟಲಲ್ಲಿ ತಿನ್ನುತ್ತಾಳೆ, ಸ್ನಾನದ ನೀರು ಎಷ್ಟು ಬಿಸಿ, ಮಲಗುವಾಗ ಅಜ್ಜಿ ಬೆನ್ನು ತಟ್ಟುತ್ತಾರೋ ಕಿವಿ ಸವರುತ್ತಾರೋ. ನಾಲ್ಕನೆಯ ದಿನದಿಂದ ಅಜ್ಜಿ ಪಕ್ಕದಲ್ಲೇ ಕೂತಿರುವಾಗ ಊಟ ನಿಮ್ಮ ಕೈಯಿಂದ ಆಗಲಿ. ಆಮೇಲೆ ಸ್ನಾನ. ಮಲಗಿಸುವುದು ಕಟ್ಟಕಡೆಗೆ. ಮಗುವಿನ ಕಣ್ಣೆದುರೇ ಅಜ್ಜಿ ನಿಮ್ಮ ಕೈಗೆ ಬಟ್ಟಲು ಕೊಡುವುದಿದೆಯಲ್ಲ, ಆ ಒಪ್ಪಿಗೆಯನ್ನು ನೀವು ಎಷ್ಟು ಆಟಿಕೆ ಕೊಟ್ಟರೂ ಕೊಳ್ಳಲಾಗುವುದಿಲ್ಲ.

ಹೊರಡುವ ಮಾತನ್ನು ಮಗುವಿಗೆ ನಾಲ್ಕೈದು ದಿನ ಮೊದಲು ಅಜ್ಜಿಯೇ ಹೇಳಲಿ. ಸುಳ್ಳು ಬೇಡ: "ನಾಳೆ ನಾನೂ ಬರುತ್ತೇನೆ" ಎಂಬ ಮಾತು ಖಂಡಿತ ಬೇಡ. ವಿದಾಯ ಹಗಲಿನಲ್ಲಿ, ಮಗು ಎಚ್ಚರವಿರುವಾಗ, ಮನೆಯ ಬಾಗಿಲಲ್ಲೇ ಆಗಲಿ, ಹತ್ತು ನಿಮಿಷಕ್ಕಿಂತ ಹೆಚ್ಚು ಬೆಳೆಸಬೇಡಿ. ಅಳುತ್ತದೆ. ಅಳಲಿ. ಅಜ್ಜಿ ಉಟ್ಟ ಬಟ್ಟೆಯೊಂದನ್ನು, ಮಗು ಹೊದ್ದು ಮಲಗುವ ಹೊದಿಕೆಯನ್ನು ಒಗೆಯದೆ ಹಾಗೇ ತೆಗೆದುಕೊಳ್ಳಿ, ಫ್ರೀಮಾಂಟ್‌ಗೆ ಹೋದ ಮೇಲೂ ಒಗೆಯುವ ಆತುರ ಬೇಡ. ಆ ವಾಸನೆ ಮಗುವಿನ ಮನೆ. ಅಮೆರಿಕದ ವೀಸಾ ಪಡೆಯಲು ನೀವು ಹೋಗಬೇಕಾದ ಗ್ವಾಂಗ್‌ಝೌ ನಗರದವರೆಗೆ ಅಜ್ಜಿ ಬರುವುದನ್ನು ಮಾತ್ರ ತಪ್ಪಿಸಿ. ವಿಮಾನ ನಿಲ್ದಾಣದಲ್ಲಿ ಬೇರ್ಪಟ್ಟರೆ ಆ ಭಯಕ್ಕೂ ವಿಮಾನಕ್ಕೂ ಗಂಟು ಬಿದ್ದು, ಮುಂದಿನ ಹನ್ನೆರಡು ಹದಿಮೂರು ಗಂಟೆ ಯಾರ ಕೈಯಲ್ಲೂ ಇರುವುದಿಲ್ಲ.

ಮಗು ನಿಮ್ಮಿಂದ ಮುಖ ತಿರುಗಿಸುವುದಕ್ಕೆ ನೊಂದುಕೊಳ್ಳಬೇಡಿ. ನಿಮ್ಮ ಪತಿ ಅವಳ ಸೋದರಮಾವ, ಅವಳ ಮಾತಿನಲ್ಲಿ ಜಿಯುಜಿಯು. ಅವರ ಮುಖದಲ್ಲಿ ಅವಳಮ್ಮನ ಚಹರೆಯಿದೆ, ಬಾಯಲ್ಲಿ ಅವಳ ಭಾಷೆಯಿದೆ. ನೀವು ಸೋದರಮಾವನ ಹೆಂಡತಿ, ಜಿಯುಮಾ, ನಮ್ಮಲ್ಲಿ ಅತ್ತೆ ಅನ್ನುವ ಹಾಗೆ. ಅವಳು ಹಾಗೇ ಕರೆಯಲಿ, ಅಮ್ಮ ಎನ್ನು ಎಂದು ಒತ್ತಾಯ ಮಾಡಬೇಡಿ. ಚೀನೀ ಭಾಷೆಯಲ್ಲಿ ಅಮ್ಮನಿಗೆ "ಮಾಮಾ" ಎನ್ನುತ್ತಾರೆ. ಮುಂದೊಂದು ದಿನ ಅವಳು ನಿಮ್ಮನ್ನು ಹಾಗೆ ಕೂಗಿದಾಗ ಹಾಸನದ ನೆಂಟರು ಮಾವನನ್ನು ಕರೆಯುತ್ತಿದ್ದಾಳೆ ಎಂದುಕೊಂಡಾರು, ಅವರಿಗೆ ಈಗಲೇ ಹೇಳಿಡಿ. ಎತ್ತಿಕೊಳ್ಳುವುದು, ಸಮಾಧಾನ ಮಾಡುವುದು ಪತಿಯ ಪಾಲಿಗಿರಲಿ, ಆದರೆ ಊಟ, ನೀರು, ತಿಂಡಿ ನಿಮ್ಮ ಕೈಯಿಂದಲೇ ಹೋಗಲಿ. ಪತಿ ಎರಡನ್ನೂ ಮಾಡಿದರೆ ನಿಮ್ಮ ಸರದಿ ಬರುವುದೇ ಇಲ್ಲ. ಐದು ಮಾತು ನೀವು ಬಾಯಿಪಾಠ ಮಾಡಿ: ನ್ಯಾವ್‌ನ್ಯಾವ್ ಎಂದರೆ ಮೂತ್ರ, ಥೋಂಗ್ ಎಂದರೆ ನೋವು, ಬಾವ್‌ಬಾವ್ ಎಂದರೆ ಎತ್ತಿಕೋ, ಬು ಯಾವ್ ಎಂದರೆ ಬೇಡ, ಹ್ವೇ ಜ್ಯಾ ಎಂದರೆ ಮನೆಗೆ ಹೋಗೋಣ. ಕೊನೆಯದನ್ನು ಬಹಳ ಸಲ ಕೇಳುತ್ತೀರಿ.

ಇನ್ನು ಕಾಗದಪತ್ರ. ಚೀನಾ ಸರ್ಕಾರ 2024ರ ಸೆಪ್ಟೆಂಬರ್ 5ರಂದು ವಿದೇಶಿ ದತ್ತು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಮಲಮಕ್ಕಳಿಗೆ ಮತ್ತು ಮೂರು ತಲೆಮಾರಿನೊಳಗಿನ ರಕ್ತಸಂಬಂಧಿಕರ ಮಕ್ಕಳಿಗೆ ಮಾತ್ರ ಬಾಗಿಲು ತೆರೆದಿಟ್ಟಿತು. ನಿಮ್ಮದು ಆ ಕಿರುದಾರಿ. ಹಾಗಾಗಿ ಪತಿಗೂ ತೀರಿಕೊಂಡ ತಂಗಿಗೂ ಇರುವ ಸಂಬಂಧದ ದಾಖಲೆಯ ಪ್ರತಿಯೊಂದು ಯಾವಾಗಲೂ ಕೈಚೀಲದಲ್ಲೇ ಇರಲಿ.

ಚಾಂಗ್‌ಶಾದಿಂದ ಗ್ವಾಂಗ್‌ಝೌಗೆ ವಿಮಾನ ಹಿಡಿಯಬೇಡಿ. ವೇಗದ ರೈಲು ಸುಮಾರು 700 ಕಿ.ಮೀ. ದಾರಿಯನ್ನು ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಮುಟ್ಟಿಸುತ್ತದೆ. ಮಗು ಓಡಾಡಬಹುದು, ಕಿಟಕಿಯಿದೆ, ಬೆಲ್ಟ್ ಇಲ್ಲ. ಚೀನಾದಿಂದ ಬರುವ ದತ್ತು ಮಕ್ಕಳ ಅಮೆರಿಕ ವೀಸಾ ಕೆಲಸ ಗ್ವಾಂಗ್‌ಝೌ ಕಾನ್ಸುಲೇಟಿನಲ್ಲೇ ಆಗುವುದು. ಅದಕ್ಕೆ ಮುಂಚೆ ಅಲ್ಲಿ ವೈದ್ಯಕೀಯ ತಪಾಸಣೆ. ಎರಡು ವರ್ಷ ತುಂಬಿದ ಮಕ್ಕಳಿಗೆ ಕ್ಷಯದ ರಕ್ತ ಪರೀಕ್ಷೆ ಕಡ್ಡಾಯ, ಫಲಿತಾಂಶಕ್ಕೆ ಕೆಲವು ದಿನ ಬೇಕು. ಪಾಸಿಟಿವ್ ಬಂದರೆ ಎದೆಯ ಎಕ್ಸ್‌ರೇ, ಮತ್ತಷ್ಟು ದಿನ. ಎಡವುವುದು ಇಲ್ಲೇ: ಜನ ಅಗ್ಗವೆಂದು ದಿನ ಬದಲಿಸಲಾಗದ ಟಿಕೆಟ್ ಕೊಂಡಿರುತ್ತಾರೆ. ಲಸಿಕೆ ಪುಸ್ತಕವನ್ನು ಅತ್ತೆಯವರಿಂದ ಮರೆಯದೆ ಇಸಿದುಕೊಳ್ಳಿ. ಹತ್ತು ವರ್ಷದೊಳಗಿನ ದತ್ತು ಮಕ್ಕಳಿಗೆ, ಅಮೆರಿಕಕ್ಕೆ ಬಂದ 30 ದಿನದೊಳಗೆ ಹಾಕಿಸುತ್ತೇವೆ ಎಂದು ಬರೆದುಕೊಟ್ಟರೆ ವೀಸಾಕ್ಕೆ ಮುಂಚಿನ ಲಸಿಕೆಗಳಿಂದ ವಿನಾಯಿತಿಯಿದೆ. ಆದರೂ ಆ ಪುಸ್ತಕವಿದ್ದರೆ ಹಾಕಿಸಿದ್ದನ್ನೇ ಮತ್ತೆ ಹಾಕಿಸುವುದು ತಪ್ಪುತ್ತದೆ.

ವೀಸಾ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ: ಹೆಸರಿನ ಅಕ್ಷರ, ಹುಟ್ಟಿದ ದಿನ, ವರ್ಗ. ವರ್ಗ ಐಎಚ್-3 ಇರಬೇಕು. ಐಎಚ್-4 ಎಂದಿದ್ದರೆ ದತ್ತು ಇನ್ನೂ ಪೂರ್ಣವಾಗಿಲ್ಲ ಎಂದರ್ಥ, ಪೌರತ್ವ ತಾನಾಗಿ ಬರುವುದಿಲ್ಲ. ಮುದ್ರೆ ಹಾಕಿದ ಲಕೋಟೆ ಕೊಟ್ಟರೆ ಅದನ್ನು ಒಡೆಯಬೇಡಿ, ದೊಡ್ಡ ಪೆಟ್ಟಿಗೆಗೂ ಹಾಕಬೇಡಿ. ವಿಮಾನದ ಟಿಕೆಟ್ ಮಗುವಿನ ಚೀನೀ ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ಇರಬೇಕು. ನೀವು ಇಡಲಿರುವ ಕನ್ನಡ ಹೆಸರಿನಲ್ಲಿ ಕೊಂಡರೆ ನಿಲ್ದಾಣದಲ್ಲಿ ಹತ್ತಿಸಿಕೊಳ್ಳುವುದಿಲ್ಲ.

ನೇರ ವಿಮಾನ ಸಿಗುವ ದಿನ ನೋಡಿ ಹೊರಡಿ. ಇಲ್ಲದಿದ್ದರೆ ಹಾಂಗ್‌ಕಾಂಗ್ ಮೂಲಕ ಬನ್ನಿ. ಮುಂದಿನ ದೇಶದ ವೀಸಾ, ಟಿಕೆಟ್ ಇರುವ ಚೀನೀ ಪಾಸ್‌ಪೋರ್ಟಿಗೆ ಅಲ್ಲಿ ಏಳು ದಿನ ತಂಗಲು ಬಿಡುತ್ತಾರೆ. ಬೇರೆ ದೇಶದಲ್ಲಿ ವಿಮಾನ ಬದಲಿಸುವುದಿದ್ದರೆ ನಿಮ್ಮ ಪಾಸ್‌ಪೋರ್ಟಿನ ನಿಯಮವನ್ನಲ್ಲ, ಮಗುವಿನದನ್ನು ನೋಡಿ. ನಡುಸಾಲಿನಲ್ಲಿ ಅಕ್ಕಪಕ್ಕದ ಮೂರು ಸೀಟು ತೆಗೆದುಕೊಳ್ಳಿ. ಗೋಡೆಯೆದುರಿನ ಮೊದಲ ಸಾಲು ವಿಶಾಲ ಎಂದು ಆಸೆಪಡಬೇಡಿ, ಅಲ್ಲಿ ಸೀಟುಗಳ ನಡುವಿನ ಕೈಯಾಸರೆ ಮೇಲೇಳುವುದಿಲ್ಲ, ಮಗು ಅಡ್ಡ ಮಲಗಲಾರದು.

ಕೈಚೀಲದಲ್ಲಿ ಮಗುವಿಗೆ ಮೂರು ಜೊತೆ ಬಟ್ಟೆ, ನಿಮ್ಮಿಬ್ಬರಿಗೂ ಒಂದೊಂದು ಜೊತೆ (ವಾಂತಿಯಾದರೆ ಅದು ಆಗುವುದು ಎತ್ತಿಕೊಂಡವರ ಮೇಲೆ). ಚಡ್ಡಿಯಂತೆ ಏರಿಸುವ ಡೈಪರ್ ನಾಲ್ಕೈದು ಇರಲಿ. ದಿನವೂ ಹೇಳಿ ಹೋಗುವ ಮಗುವೂ ದುಃಖದಲ್ಲಿ ಹೇಳುವುದನ್ನು ಮರೆಯುತ್ತದೆ. ವಿಮಾನದ ಶೌಚಾಲಯದ ಸದ್ದಿಗೆ ಮಕ್ಕಳು ಬೆಚ್ಚಿಬೀಳುತ್ತವೆ, ಅವಳನ್ನು ಹೊರಗೆ ಕಳಿಸಿ ಆಮೇಲೆ ಗುಂಡಿ ಒತ್ತಿ. ಇಳಿಯುವುದಕ್ಕೆ ಅರ್ಧ ಗಂಟೆ ಮುಂಚಿನಿಂದ ಸ್ಟ್ರಾ ಹಾಕಿ ಗುಟುಕು ಗುಟುಕಾಗಿ ನೀರು ಕುಡಿಸಿ, ಕಿವಿನೋವು ತಪ್ಪುತ್ತದೆ. ನಿದ್ದೆ ಬರಲೆಂದು ಶೀತದ ಸಿರಪ್ ಕೊಡಬೇಡಿ, ಕೆಲವು ಮಕ್ಕಳು ಅದರಿಂದ ಇನ್ನಷ್ಟು ಕೆರಳುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಇರಲಿ, ಆದರೆ ಚಮಚದ ಲೆಕ್ಕ ಬೇಡ, ಮಿಲಿಗ್ರಾಂ ನೋಡಿ. ಅಮೆರಿಕದ ಸಿರಪ್‌ನಲ್ಲಿ 5 ಮಿ.ಲೀ.ಗೆ 160 ಮಿ.ಗ್ರಾಂ ಇದ್ದರೆ ಬೇರೆ ದೇಶದ್ದರಲ್ಲಿ 120 ಅಥವಾ 250 ಇರಬಹುದು. 15 ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ 160 ಮಿ.ಗ್ರಾಂ ಸಾಕು. ಮಗುವನ್ನು ಅಲ್ಲೇ ತೂಗಿಸಿ, ನಿಮ್ಮ ವೈದ್ಯರ ಹತ್ತಿರ ಬರೆಸಿಟ್ಟುಕೊಳ್ಳಿ.

ಅತ್ತೆಯವರು ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಕಟ್ಟಿಕೊಡುತ್ತಾರೆ, ಹುನಾನಿನ ಮನೆಗಳಲ್ಲಿ ಅದಿಲ್ಲದೆ ಕಳಿಸುವುದಿಲ್ಲ. ಅದನ್ನು ಅಮೆರಿಕದೊಳಗೆ ಬಿಡುವುದಿಲ್ಲ, ಹೇಳದೆ ತಂದರೆ ದಂಡ. ಅಲ್ಲೇ ಕೂತು ತಿಂದು ಅವರ ಮನಸ್ಸು ತುಂಬಿಸಿ. ಹಣ್ಣು, ಮಾಂಸ ತುಂಬಿದ ಬನ್ನು ಉಳಿದಿದ್ದರೆ ಇಳಿಯುವ ಮುಂಚೆ ಮುಗಿಸಿ.

ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವಲಸೆ ಅಧಿಕಾರಿಗಳು ನಿಮ್ಮನ್ನು ಬೇರೆ ಕೋಣೆಗೆ ಕಳಿಸುತ್ತಾರೆ. ಗಾಬರಿ ಬೇಡ, ವಲಸೆ ವೀಸಾದ ಎಲ್ಲರಿಗೂ ಹಾಗೇ. ಅರ್ಧ ಗಂಟೆಯೂ ಆಗಬಹುದು, ಎರಡು ಗಂಟೆಯೂ ಆಗಬಹುದು. ಅಲ್ಲಿ ಫೋನ್ ಬಳಸಲು ಬಿಡುವುದಿಲ್ಲ. ಇಪ್ಪತ್ತೈದು ಜನ ಹೊರಗೆ ಕಾಯುತ್ತಿದ್ದರೆ ಅವರ ಕಾತರವೂ ನಿಮ್ಮ ತಲೆಯ ಮೇಲೆ ಕೂರುತ್ತದೆ. ಹಾಗಾಗಿ ನಿಲ್ದಾಣಕ್ಕೆ ಕಾರು ಓಡಿಸುವ ಒಬ್ಬರು ಸಾಕು, ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳ ಆಸನ ಮೊದಲೇ ಬಿಗಿದಿರಲಿ. ಕ್ಯಾಲಿಫೋರ್ನಿಯಾದಲ್ಲಿ ಎಂಟು ವರ್ಷದೊಳಗಿನವರಿಗೆ ಅದು ಕಾನೂನು. ಮಡಿಲಲ್ಲೇ ಕೂತು ಅಭ್ಯಾಸವಾದ ಮಗು ಬೆಲ್ಟಿಗೆ ಅತ್ತೇ ಅಳುತ್ತದೆ. ಪಕ್ಕದಲ್ಲಿ ನೀವು ಕೂತು ಅಜ್ಜಿಯ ಬಟ್ಟೆ ಕೈಗೆ ಕೊಡಿ.

ಈಗ ನಿಮ್ಮ ಅಮ್ಮ. ಅವರಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟ. ಆರತಿ ಖಂಡಿತ ಇರಲಿ, ಮನೆಯ ಹೊಸ್ತಿಲಲ್ಲಿ, ಅಮ್ಮ ಒಬ್ಬರೇ, ಎರಡು ನಿಮಿಷ. ನೆಂಟರ, ಕನ್ನಡ ಕೂಟದ ಗೆಳೆಯರ ಊಟ ಎರಡು ತಿಂಗಳಾದ ಮೇಲೆ. ಆದರೆ ಮೊದಲ ಆರು ವಾರ ಅಮ್ಮ ಅಡುಗೆ ಮಾಡಲಿ, ಉಣಿಸುವುದು ನೀವು. ಅಮ್ಮ ಹಾಸಿಗೆ ಹಾಸಲಿ, ಮಲಗಿಸುವುದು ನೀವು. ಈ ಮಗುವಿಗೆ ಗೊತ್ತಿರುವ ಪ್ರೀತಿ ಅಜ್ಜಿಯದು. ಬಿಳಿಕೂದಲಿನ ಹೆಂಗಸು ಅನ್ನ ಕಲಸಿ ತುತ್ತಿಟ್ಟರೆ ಸಾಕು, ಅದು ನಿಮ್ಮಿಬ್ಬರನ್ನೂ ಬಿಟ್ಟು ಅವರ ಮಡಿಲು ಸೇರುತ್ತದೆ. ವೀಸಾ ಮುಗಿದು ಅಮ್ಮ ಹಾಸನಕ್ಕೆ ಹೊರಟ ದಿನ ಒಂದೇ ವರ್ಷದಲ್ಲಿ ಎರಡನೆಯ ಅಜ್ಜಿಯನ್ನು ಕಳೆದುಕೊಳ್ಳುತ್ತದೆ. ಈ ಮಾತನ್ನು ಅಮ್ಮನಿಗೆ ಇಷ್ಟೇ ನೇರವಾಗಿ ಹೇಳಿ, ಅವರಿಗೆ ಅರ್ಥವಾಗುತ್ತದೆ.

ಅಡುಗೆಯಲ್ಲಿ ಅಮ್ಮ ಮಾಡಬಹುದಾದದ್ದು ಬಹಳವಿದೆ. ಚಾಂಗ್‌ಶಾದ ಮಕ್ಕಳ ಬೆಳಗಿನ ತಿಂಡಿ ಅಕ್ಕಿಯ ಎಳೆಗಳು, ನಮ್ಮ ಒತ್ತು ಶಾವಿಗೆಯ ಹತ್ತಿರದ ನೆಂಟ. ಒಗ್ಗರಣೆ ಹಾಕದೆ ಬಿಸಿ ಸಾರಿನಲ್ಲಿ ಬಿಟ್ಟುಕೊಡಿ. ತೆಳುವಾದ ಅಕ್ಕಿ ಗಂಜಿ ಎರಡೂ ಮನೆಯದು. ಒಂದು ಮೊಟ್ಟೆಗೆ ಅದರ ಒಂದೂವರೆ ಪಟ್ಟು ಬೆಚ್ಚನೆ ನೀರು, ಚಿಟಿಕೆ ಉಪ್ಪು ಕದಡಿ, ಸೋಸಿ, ಮುಚ್ಚಿ, ಸಣ್ಣ ಉರಿಯ ಹಬೆಯಲ್ಲಿ ಹತ್ತು ನಿಮಿಷ ಇಟ್ಟರೆ ಅವಳಿಗೆ ಗೊತ್ತಿರುವ ಮೊಟ್ಟೆಗಿಣ್ಣು. ಉರಿ ಜೋರಾದರೆ ತೂತು ತೂತಾಗುತ್ತದೆ. ಅಮ್ಮ ಮೊಟ್ಟೆ ಮುಟ್ಟದವರಾದರೆ ಅದಕ್ಕೊಂದು ಪಾತ್ರೆ ಬೇರೆ ಇಡಿ, ಆದರೆ ಮೂರು ತಿಂಗಳು ಮಗುವಿನ ಊಟ ಬದಲಿಸಬೇಡಿ. ಎರಡೂ ಊರುಗಳ ನಡುವೆ ಬೇಸಿಗೆಯಲ್ಲಿ 15, ಚಳಿಗಾಲದಲ್ಲಿ 16 ಗಂಟೆಯ ಅಂತರ. ಮೊದಲ ವಾರ ರಾತ್ರಿ ಎರಡಕ್ಕೆ ಎದ್ದು ಹಸಿವೆಂದರೆ ಮಂದ ದೀಪದಲ್ಲಿ ಗಂಜಿ ಕೊಟ್ಟು ಮತ್ತೆ ಮಲಗಿಸಿ. ಟಿ.ವಿ. ಹಾಕಬೇಡಿ.

ಚಾಂಗ್‌ಶಾದ ಅಜ್ಜಿಯ ಜೊತೆ ವಿಡಿಯೊ ಮಾತು ನಿಲ್ಲಿಸಬೇಡಿ. ನೋಡಿದರೆ ಅಳುತ್ತಾಳೆ ಎಂದು ನಿಲ್ಲಿಸಿಬಿಟ್ಟರೆ ಕದ್ದು ಎತ್ತಿಕೊಂಡು ಬಂದಷ್ಟೇ ಆಯಿತು. ವಾರಕ್ಕೆ ಎರಡು ದಿನ ಗೊತ್ತು ಮಾಡಿ, ನಿಮ್ಮ ಸಂಜೆ ಆರಕ್ಕೆ ಅವರಿಗೆ ಮರುದಿನ ಬೆಳಗ್ಗೆ ಒಂಬತ್ತೋ ಹತ್ತೋ ಆಗಿರುತ್ತದೆ. ಹತ್ತು ನಿಮಿಷ ಸಾಕು, ಮಗು ನಿಮ್ಮ ಮಡಿಲಲ್ಲಿ ಕೂತಿರಲಿ. ಪೌರತ್ವದ ಪ್ರಮಾಣಪತ್ರ ಅಂಚೆಯಲ್ಲಿ ತಾನಾಗಿ ಬರುತ್ತದೆ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೂ ಪಾಸ್‌ಪೋರ್ಟಿಗೂ ನೀವೇ ಅರ್ಜಿ ಹಾಕಬೇಕು, ಪಾಸ್‌ಪೋರ್ಟಿಗೆ ಇಬ್ಬರೂ ಮಗುವಿನ ಜೊತೆ ಹೋಗಿ. ಹೊಸದು ಬಂತೆಂದು ಚೀನಾದ ಹಳೆಯ ಪಾಸ್‌ಪೋರ್ಟ್ ಎಸೆಯಬೇಡಿ. ಚೀನಾ ಎರಡು ಪೌರತ್ವ ಒಪ್ಪುವುದಿಲ್ಲ. ಅವಳನ್ನು ಅಜ್ಜಿಯ ಮನೆಗೆ ಕರೆದೊಯ್ಯಲು ವೀಸಾ ಕೇಳುವಾಗ ಆ ಹಳೆಯದನ್ನೂ ಕೇಳುತ್ತಾರೆ.