ನೌರು: 21 ಚದರ ಕಿಲೋಮೀಟರಿನ ದೇಶ, ನಿಮ್ಮ ಪ್ರಶ್ನೆಗಳು

ಕಳೆದ ಸಲ ಪುಟ್ಟ ದೇಶಗಳ ಬಗ್ಗೆ ಬರೆದಾಗ ಪೆಸಿಫಿಕ್ ಸಾಗರದ ದ್ವೀಪ ನೌರು ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಜಾಸ್ತಿ ಪ್ರಶ್ನೆ ಬಂದದ್ದು ಅದರ ಬಗ್ಗೆಯೇ. ಒಂದೇ ಥರದವನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಗೈಡ್‌ನಲ್ಲಿ ನೌರು ರಾಜಧಾನಿ ಯಾರೆನ್ ಅಂತಿದೆ, ಇನ್ನೊಂದರಲ್ಲಿ ರಾಜಧಾನಿಯೇ ಇಲ್ಲ ಅಂತಿದೆ. ಯಾವುದು ಸರಿ? ಅಲ್ಲಿ ಅಧಿಕಾರ ಅಧ್ಯಕ್ಷರದ್ದೋ, ಪ್ರಧಾನಿಯದ್ದೋ? (ದಾವಣಗೆರೆಯ ಓದುಗರು)

ಎರಡನೇ ಗೈಡ್ ಸರಿ. ಅಧಿಕೃತ ರಾಜಧಾನಿ ಅಂತ ನೌರುವಿಗೆ ಇಲ್ಲ. ಸಂಸತ್ತು, ಸರ್ಕಾರಿ ಕಚೇರಿಗಳು, ವಿಮಾನ ನಿಲ್ದಾಣ ಎಲ್ಲ ದಕ್ಷಿಣ ತೀರದ ಯಾರೆನ್ ಜಿಲ್ಲೆಯಲ್ಲಿವೆ, ಹಾಗಾಗಿ ಪುಸ್ತಕಗಳು ಅದನ್ನೇ ರಾಜಧಾನಿ ಅಂತ ಹಾಕಿಬಿಡುತ್ತವೆ. ನಾಲ್ಕು ಆಯ್ಕೆಗಳಲ್ಲಿ ಯಾರೆನ್ ಇದ್ದರೆ ಸುಮ್ನೆ ಅದಕ್ಕೇ ಗುರುತು ಹಾಕಿ.

ಜಿಲ್ಲೆ ಅಂದ ಕೂಡಲೇ ನಮ್ಮ ಜಿಲ್ಲೆಯಂತೆ ಅಂದುಕೊಳ್ಳಬೇಡಿ. ಇಡೀ ದೇಶವೇ 21 ಚದರ ಕಿಲೋಮೀಟರ್. ಅದರಲ್ಲಿ 14 ಜಿಲ್ಲೆ. ದ್ವೀಪವನ್ನು ಸುತ್ತುವ ರಸ್ತೆ ಸುಮಾರು 19 ಕಿಲೋಮೀಟರ್, ಬೆಳಿಗ್ಗೆ ನಡೆಯಲು ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ದೇಶ ಮುಗಿದಿರುತ್ತದೆ. ಯಾರೆನ್‌ನಲ್ಲಿ ರನ್‌ವೇ, ಸಮುದ್ರ, ಸಂಸತ್ ಭವನ ಎಲ್ಲ ಅಕ್ಕಪಕ್ಕ. ವಿಮಾನ ಇಳಿಯುವಾಗ ಪಕ್ಕದ ರಸ್ತೆಯಲ್ಲಿ ವಾಹನ ನಿಲ್ಲಿಸುತ್ತಾರೆ.

ಸಮಭಾಜಕ ವೃತ್ತದಿಂದ ಸುಮಾರು 55 ಕಿಲೋಮೀಟರ್ ದಕ್ಷಿಣಕ್ಕಿದೆ ಈ ದ್ವೀಪ. ಅದನ್ನೇ ಬಾವುಟದಲ್ಲಿ ತೋರಿಸಿದ್ದಾರೆ: ನೀಲಿ ಬಟ್ಟೆಯ ನಡುವೆ ಒಂದು ಹಳದಿ ಗೆರೆ, ಆ ಗೆರೆಯ ಕೆಳಗೆ ಬಿಳಿ ನಕ್ಷತ್ರ. ತೀರಾ ಹತ್ತಿರದ ನೆಲ ಅಂದರೆ ಕಿರಿಬಾಟಿ ದೇಶದ ಬನಾಬಾ ದ್ವೀಪ, ಅದೂ ಪೂರ್ವಕ್ಕೆ 300 ಕಿಲೋಮೀಟರ್ ದೂರ. ಹೊಳೆ ಇಲ್ಲ, ತೊರೆ ಇಲ್ಲ. ಮಳೆ ನೀರು ಹಿಡಿದಿಟ್ಟುಕೊಳ್ಳಬೇಕು, ಇಲ್ಲವೇ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯಬೇಕು.

ಅಧ್ಯಕ್ಷರ ವಿಷಯ. ರಾಷ್ಟ್ರದ ಮುಖ್ಯಸ್ಥರೂ ಅವರೇ, ಸರ್ಕಾರದ ಮುಖ್ಯಸ್ಥರೂ ಅವರೇ. ಪ್ರಧಾನಿ ಎಂಬ ಹುದ್ದೆ ಇಲ್ಲ. ಆದರೆ ಅಮೆರಿಕದ ಹಾಗೆ ಜನರು ಓಟು ಹಾಕಿ ಆರಿಸುವುದಿಲ್ಲ. 19 ಜನ ಸಂಸದರು ತಮ್ಮೊಳಗೇ ಒಬ್ಬರನ್ನು ಆರಿಸುತ್ತಾರೆ, ಅವಿಶ್ವಾಸ ಗೊತ್ತುವಳಿ ತಂದು ಇಳಿಸಲೂ ಬಹುದು. ಹೆಸರಿಗೆ ಅಧ್ಯಕ್ಷರು, ಕೆಲಸದಲ್ಲಿ ನಮ್ಮ ಪ್ರಧಾನಿ ಇದ್ದಂತೆ. 2023ರ ಅಕ್ಟೋಬರ್‌ನಲ್ಲಿ ಡೇವಿಡ್ ಅಡಿಯಾಂಗ್ ಆ ಕುರ್ಚಿಗೆ ಬಂದರು. ಕೆಲವೇ ತಿಂಗಳಲ್ಲಿ, 2024ರ ಜನವರಿಯಲ್ಲಿ, ದೇಶ ತೈವಾನ್‌ನ ಕೈ ಬಿಟ್ಟು ಚೀನಾದ ಕಡೆ ವಾಲಿತು. ಪ್ರಚಲಿತ ವಿದ್ಯಮಾನದಲ್ಲಿ ಇದನ್ನು ಕೇಳಬಹುದು, ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನೌರುವಿನಲ್ಲಿ ಪಕ್ಷಗಳೇ ಇಲ್ಲವಂತೆ, ಓಟು ಎಣಿಸುವ ಲೆಕ್ಕವೂ ಬೇರೆಯಂತೆ. ಸ್ವಲ್ಪ ಬಿಡಿಸಿ ಹೇಳ್ತೀರಾ? ಮಕ್ಕಳಿಗೆ ಪಾಠ ಮಾಡಲು ಬೇಕಿತ್ತು. (ಸಿರ್ಸಿಯ ಶಿಕ್ಷಕಿ)

ಈ ಪ್ರಶ್ನೆ ಬಂದದ್ದು ಖುಷಿ, ಟೀಚರ್. ಪಕ್ಷಗಳು ಹುಟ್ಟಿದ್ದಿವೆ, ಬೇರು ಬಿಟ್ಟಿಲ್ಲ. ಹೆಚ್ಚಿನವರು ಪಕ್ಷೇತರರೇ. ಒಂದೊಂದು ಕ್ಷೇತ್ರದಲ್ಲಿ ಮತದಾರರು ಕೆಲವೇ ನೂರು, ಹೆಚ್ಚೆಂದರೆ ಸಾವಿರದ ಲೆಕ್ಕ. ಅಭ್ಯರ್ಥಿ ಯಾರ ಮಗ, ಯಾರ ಮನೆಯ ಅಳಿಯ ಎಂಬುದೆಲ್ಲ ಊರಿಗೇ ಗೊತ್ತಿರುವಾಗ ಪಕ್ಷದ ಚಿಹ್ನೆ ಯಾರಿಗೆ ಬೇಕು?

20 ವರ್ಷ ತುಂಬಿದವರಿಗೆ ಮತದಾನ ಕಡ್ಡಾಯ. ಒಟ್ಟು 8 ಕ್ಷೇತ್ರ. ಯುಬೆನಿಡೆಯಿಂದ ನಾಲ್ವರು, ಮೆನೆಂಗ್‌ನಿಂದ ಮೂವರು, ಉಳಿದ ಆರು ಕ್ಷೇತ್ರಗಳಿಂದ ಇಬ್ಬಿಬ್ಬರು. ಅವಧಿ ಮೂರು ವರ್ಷ.

ಈಗ ಎಣಿಕೆ. ಮತಪತ್ರದಲ್ಲಿ ಒಬ್ಬರಿಗೆ ಗುರುತು ಹಾಕಿ ಬಂದರೆ ಆಗದು. ಎಷ್ಟು ಅಭ್ಯರ್ಥಿಗಳಿದ್ದಾರೋ ಅಷ್ಟೂ ಜನರ ಮುಂದೆ 1, 2, 3 ಅಂತ ಕ್ರಮ ಬರೆಯಬೇಕು. ಮೊದಲ ಸ್ಥಾನಕ್ಕೆ ಪೂರ್ತಿ 1 ಅಂಕ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಮೂರನೇ ಒಂದು, ನಾಲ್ಕನೆಯದಕ್ಕೆ ಕಾಲು. ಎಲ್ಲ ಕೂಡಿಸಿದ ಮೇಲೆ ಜಾಸ್ತಿ ಅಂಕ ಬಂದವರು ಗೆದ್ದರು. 1971ರಲ್ಲಿ ಇದನ್ನು ರೂಪಿಸಿದವರು ಅಲ್ಲಿನ ನ್ಯಾಯ ಇಲಾಖೆಯ ಕಾರ್ಯದರ್ಶಿ ಡೆಸ್ಮಂಡ್ ಡೌಡಲ್, ಹಾಗಾಗಿ ಡೌಡಲ್ ಪದ್ಧತಿ ಎಂದೇ ಹೆಸರು.

ಬೋರ್ಡಿನ ಮೇಲೆ ಹೀಗೆ ಮಾಡಿ ತೋರಿಸಿ. 100 ಮತದಾರರು, ನಾಲ್ಕು ಅಭ್ಯರ್ಥಿಗಳು. 'ಅ' ಎಂಬವರನ್ನು 40 ಜನ ಮೊದಲನೆಯವರಾಗಿ ಬರೆದರು, ಅವರನ್ನು ಕಂಡರಾಗದ ಉಳಿದ 60 ಜನ ಕೊನೆಗೆ ತಳ್ಳಿದರು. ಅಂಕ: 40 ಮತ್ತು 60ರ ಕಾಲು ಭಾಗ 15, ಒಟ್ಟು 55. 'ಬ' ಎಂಬವರನ್ನು ನೂರಕ್ಕೆ ನೂರೂ ಜನ ಎರಡನೇ ಸ್ಥಾನಕ್ಕೆ ಹಾಕಿದರು. ಅವರಿಗೆ ಸಿಕ್ಕಿದ್ದು 50. ಅಂದರೆ ಯಾರ ವಿರೋಧವೂ ಇಲ್ಲದ 'ಬ' ಹಿಂದೆ ಬಿದ್ದರು, ಗಟ್ಟಿ ಬೆಂಬಲಿಗರಿರುವ 'ಅ' ಮುಂದೆ ಬಂದರು. ಅದೇ ಮತಗಳಿಗೆ 4, 3, 2, 1 ಅಂತ ಅಂಕ ಕೊಟ್ಟು ನೋಡಿ: 'ಅ'ಗೆ 220, 'ಬ'ಗೆ 300. ಫಲಿತಾಂಶ ತಲೆಕೆಳಗು! ನಿಯಮ ಬದಲಾದರೆ ಗೆಲ್ಲುವವರೂ ಬದಲಾಗುತ್ತಾರೆ ಅನ್ನುವುದು ಮಕ್ಕಳಿಗೆ ಇದಕ್ಕಿಂತ ಬೇಗ ಇನ್ಯಾವುದರಿಂದಲೂ ಅರ್ಥವಾಗಲಿಕ್ಕಿಲ್ಲ.

ಪಕ್ಷ ಇಲ್ಲದಿದ್ದರೆ ಜಗಳ ಇಲ್ಲ ಅಂತಲೂ ಅಲ್ಲ. ಬಹುಮತ ಅಂದರೆ ಬೆರಳೆಣಿಕೆಯ ಸಂಸದರು, ಒಬ್ಬರು ಆಚೆ ಹೋದರೆ ಸರ್ಕಾರ ಬಿತ್ತು. 1990ರ ದಶಕದಲ್ಲೂ 2000ದ ಮೊದಲ ವರ್ಷಗಳಲ್ಲೂ ಅಧ್ಯಕ್ಷರು ಒಬ್ಬರಾದ ಮೇಲೊಬ್ಬರು ಬಂದು ಹೋದರು, ಇಳಿದವರೇ ಮತ್ತೆ ಹತ್ತಿದರು. 2010ರಲ್ಲಂತೂ ಆಗಿದ್ದ 18 ಸ್ಥಾನ ಸರಿಯಾಗಿ 9-9 ಆಗಿ ತಿಂಗಳುಗಟ್ಟಲೆ ಆಡಳಿತ ನಿಂತೇ ಹೋಯಿತು, ಮತ್ತೆ ಚುನಾವಣೆ ಮಾಡಿದರೂ ಬಿಕ್ಕಟ್ಟು ಬಿಡಲಿಲ್ಲ, ತುರ್ತು ಪರಿಸ್ಥಿತಿ ಹೇರಬೇಕಾಯಿತು. ಮುಂದಿನ, ಅಂದರೆ 2013ರ ಚುನಾವಣೆಗೆ 19ನೇ ಸ್ಥಾನ ಸೇರಿಸಿದರು. ಬೆಸ ಸಂಖ್ಯೆ, ಅಷ್ಟೇ ಪರಿಹಾರ. ಅಂದಹಾಗೆ, 2007ರಿಂದ 2011ರವರೆಗೆ ಅಧ್ಯಕ್ಷರಾಗಿದ್ದ ಮಾರ್ಕಸ್ ಸ್ಟೀಫನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರ ಎತ್ತುವ ಪಟು.

ಪ್ರಶ್ನೆ: ಹಕ್ಕಿ ಹಿಕ್ಕೆ ಮಾರಿ ಶ್ರೀಮಂತರಾದ ದೇಶ, ಆಮೇಲೆ ದುಂದು ಮಾಡಿ ಭಿಕಾರಿಯಾಯಿತು ಅಂತ ವಾಟ್ಸಾಪ್‌ನಲ್ಲಿ ಓದಿದೆ. ನಿಜವಾ? (ಬೆಂಗಳೂರು, ಮೈಸೂರು, ಹೊಸಪೇಟೆಯ ಓದುಗರು)

ಅರ್ಧ ನಿಜ. ಬಿಟ್ಟುಹೋದ ಇನ್ನರ್ಧ ನನ್ನ ಮಟ್ಟಿಗೆ ಮುಖ್ಯವಾದದ್ದು.

ಹಿಕ್ಕೆ ಅಂದರೆ ನಿನ್ನೆ ಮೊನ್ನೆಯದಲ್ಲ. ಲಕ್ಷಾಂತರ ವರ್ಷಗಳಲ್ಲಿ ಹವಳದ ಸುಣ್ಣಗಲ್ಲಿನ ಸಂದುಗಳಲ್ಲಿ ಫಾಸ್ಫೇಟ್ (ಗೊಬ್ಬರಕ್ಕೆ ಬಳಸುವ ಖನಿಜ) ಆಗಿ ಕೂತಿದ್ದು. ಅದು ಪತ್ತೆಯಾದ ಕಥೆ ಚೆನ್ನಾಗಿದೆ. ಸಿಡ್ನಿಯ ಒಂದು ಕಂಪನಿ ಕಚೇರಿಯಲ್ಲಿ ಬಾಗಿಲು ಹೊಡೆದುಕೊಳ್ಳದಂತೆ ಒಂದು ಕಲ್ಲನ್ನು ಒತ್ತಿಟ್ಟಿದ್ದರು. ನೌರುವಿನಿಂದ ಯಾರೋ ತಂದದ್ದು, ಕಲ್ಲಾಗಿ ಹೋದ ಮರ ಅಂದುಕೊಂಡಿದ್ದರು. ಅಲ್ಲಿ ಕೆಲಸಕ್ಕಿದ್ದ ಆಲ್ಬರ್ಟ್ ಎಲ್ಲಿಸ್‌ಗೆ ಅನುಮಾನ ಬಂದು 1899ರಲ್ಲಿ ಪರೀಕ್ಷೆ ಮಾಡಿದರು. ಉತ್ತಮ ದರ್ಜೆಯ ಫಾಸ್ಫೇಟ್!

ಆಗ ದ್ವೀಪ ಜರ್ಮನಿಯ ವಶದಲ್ಲಿತ್ತು. 1900ರ ದಶಕದಲ್ಲೇ ಅಗೆತ ಶುರು. ನೆಲದ ಒಡೆಯರಿಗೆ ಮೊದಮೊದಲು ಕೊಡುತ್ತಿದ್ದುದು ಟನ್ನಿಗೆ ಅರ್ಧ ಪೆನ್ನಿ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾ ದ್ವೀಪ ಹಿಡಿಯಿತು. 1919ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ತಮ್ಮದೇ ಒಂದು ಸಂಸ್ಥೆ ಮಾಡಿಕೊಂಡು ಗೊಬ್ಬರದ ಕಲ್ಲನ್ನು ಮಾರುಕಟ್ಟೆ ದರಕ್ಕಿಂತ ಅಗ್ಗದಲ್ಲಿ ತಮ್ಮ ರೈತರಿಗೆ ಒಯ್ದವು. ಅಲ್ಲಿನ ಹುಲ್ಲುಗಾವಲು ಹಸಿರಾದದ್ದು ಹೀಗೆ. 1960ರ ದಶಕದಲ್ಲಿ, ನೆಲ ಹೇಗೂ ಹಾಳಾಗುತ್ತಿದೆ, ಇಡೀ ಜನ ಕ್ವೀನ್ಸ್‌ಲೆಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಹೋಗಿ ನೆಲೆಸಿ ಎಂಬ ಮಾತೂ ಬಂತು. ನೌರುವಿನವರು ಒಲ್ಲೆ ಎಂದರು. 1968ರ ಜನವರಿ 31ರಂದು ಸ್ವತಂತ್ರರಾದರು, ಹ್ಯಾಮರ್ ಡಿರೋಬರ್ಟ್ ಮೊದಲ ಅಧ್ಯಕ್ಷರು. ತಮ್ಮದೇ ನೆಲದ ಗಣಿ ಯಂತ್ರಗಳನ್ನು 2.1 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಕೊಳ್ಳಬೇಕಾಯಿತು.

ಆಮೇಲಿನದು ನಿಮ್ಮ ವಾಟ್ಸಾಪ್ ಕಥೆ. 1970ರ ದಶಕದಲ್ಲಿ ತಲಾ ಆದಾಯದಲ್ಲಿ ಜಗತ್ತಿನ ಮೇಲ್ಸಾಲು. ತೆರಿಗೆ ಇಲ್ಲ, ಆಸ್ಪತ್ರೆ ಪುಕ್ಕಟೆ. ಮೆಲ್ಬರ್ನ್‌ನಲ್ಲಿ 52 ಮಹಡಿಯ ನೌರು ಹೌಸ್ ಎದ್ದಿತು, ಊರವರು ಅದಕ್ಕೆ ಹಕ್ಕಿ ಹಿಕ್ಕೆಯ ಗೋಪುರ ಅಂತಲೇ ಹೆಸರಿಟ್ಟರು. ಸ್ವಂತ ವಿಮಾನ ಸಂಸ್ಥೆ, ಐದಾರು ವಿಮಾನ, ಸೀಟು ಖಾಲಿ ಖಾಲಿ. ಲಂಡನ್ನಿನಲ್ಲಿ ಲಿಯೊನಾರ್ಡೊ ದ ವಿಂಚಿ ಬಗ್ಗೆ ಒಂದು ಸಂಗೀತ ನಾಟಕಕ್ಕೂ ದೇಶದ ದುಡ್ಡು ಹಾಕಿದರು, 1993ರಲ್ಲಿ ತೆರೆ ಎದ್ದು ಕೆಲವೇ ವಾರಗಳಲ್ಲಿ ಮುಚ್ಚಿತು. ಸಾಲ ಏರಿತು. 2004ರಲ್ಲಿ ಆ ಗೋಪುರ ಮಾರಾಟವಾಯಿತು, 2005ರ ಕೊನೆಗೆ ಉಳಿದಿದ್ದ ಒಂದೇ ವಿಮಾನವನ್ನೂ ಸಾಲ ಕೊಟ್ಟವರು ಎತ್ತಿಕೊಂಡು ಹೋದರು. ಇದಕ್ಕೆಲ್ಲ ಹೊಣೆ ಅಲ್ಲಿನ ನಾಯಕರೇ, ಅದರಲ್ಲಿ ಎರಡು ಮಾತಿಲ್ಲ. ಸ್ವಾತಂತ್ರ್ಯಕ್ಕೆ ಮೊದಲೇ ಫಾಸ್ಫೇಟ್ ನೆಲದ ಮೂರನೇ ಒಂದು ಭಾಗ ಅಗೆದಾಗಿತ್ತು, ಉಳಿದದ್ದನ್ನು ಅಗೆದವರೂ ಅವರೇ.

ಆದರೆ ಆ ಮೊದಲ ಮೂರನೇ ಒಂದರ ಲೆಕ್ಕ? ಅದನ್ನು ಕೇಳಲು ನೌರು 1989ರಲ್ಲಿ ಆಸ್ಟ್ರೇಲಿಯಾವನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು. ಅದಕ್ಕೆ ಮುಂಚೆ ಈ ಲೆಕ್ಕ ತೆಗೆಯಲು ನೌರು ನೇಮಿಸಿದ್ದ ತನಿಖಾ ಆಯೋಗದ ಮುಖ್ಯಸ್ಥರಾಗಿದ್ದವರು ಶ್ರೀಲಂಕಾದ ಕಾನೂನು ಪಂಡಿತ ವೀರಮಂತ್ರಿ. ಮೊಕದ್ದಮೆಯೇ ನಡೆಯಬಾರದು ಎಂದು ಆಸ್ಟ್ರೇಲಿಯಾ ಹೂಡಿದ್ದ ಮುಖ್ಯ ತಕರಾರುಗಳನ್ನು 1992ರಲ್ಲಿ ಕೋರ್ಟ್ ತಳ್ಳಿಹಾಕಿತು. ಮರುವರ್ಷ ಆಸ್ಟ್ರೇಲಿಯಾ ರಾಜಿಗೆ ಬಂದು 10.7 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡಲು ಒಪ್ಪಿತು. ಹತ್ತು ಸಾವಿರದಷ್ಟು ಜನರ ದೇಶ ಗೆದ್ದ ಪಂದ್ಯ ಇದು. ವಾಟ್ಸಾಪ್‌ನಲ್ಲಿ ಇದು ಬರುವುದಿಲ್ಲ, ಅಲ್ವಾ?

ಈಗ ದ್ವೀಪದ ನಡುಭಾಗ, ಅವರು ಟಾಪ್‌ಸೈಡ್ ಎನ್ನುವ ದಿಬ್ಬ, ಹೇಗಿದೆ ಅಂದರೆ: ಫಾಸ್ಫೇಟ್ ಬಾಚಿ ತೆಗೆದ ಮೇಲೆ ಸುಣ್ಣಗಲ್ಲಿನ ಚೂಪು ಕಂಬಗಳು ಮಾತ್ರ ಉಳಿದಿವೆ, ಕೆಲವು ಎರಡು ಮೂರು ಆಳೆತ್ತರಕ್ಕೂ ಮೇಲೆ. ನಡುವೆ ಆಳವಾದ ಗುಂಡಿಗಳು. ಕಾಲಿಡಲು ಸಮತಟ್ಟು ಜಾಗವಿಲ್ಲ, ಉಳುವ ಮಾತು ದೂರವೇ ಉಳಿಯಿತು. ದೇಶದ ಸುಮಾರು ಶೇ 80 ಭಾಗ ಹೀಗೇ. ಜನ ತೀರದ ಪಟ್ಟಿಯಲ್ಲೇ ಬದುಕುತ್ತಾರೆ. ಪಶ್ಚಿಮದ ಐವೊ ತೀರದಲ್ಲಿ ಹವಳದ ದಿಬ್ಬ ದಾಟಿ ಸಮುದ್ರದ ಮೇಲೆ ಚಾಚಿದ ಉಕ್ಕಿನ ತೋಳುಗಳಿವೆ. ಹಡಗು ದಡಕ್ಕೆ ಬರಲಾಗದ ಜಾಗ, ಹಾಗಾಗಿ ಫಾಸ್ಫೇಟನ್ನು ಆ ತೋಳುಗಳ ಮೂಲಕ ಹಡಗಿಗೆ ಸುರಿಯುತ್ತಿದ್ದರು.

ಈಗಿನ ಆದಾಯದ ಮುಖ್ಯ ದಾರಿ ಎರಡು. ಸುತ್ತಲಿನ ಸುಮಾರು 3 ಲಕ್ಷ ಚದರ ಕಿಲೋಮೀಟರ್ ಸಮುದ್ರದಲ್ಲಿ ಟ್ಯೂನಾ ಹಿಡಿಯಲು ವಿದೇಶಿ ಹಡಗುಗಳಿಗೆ ಕೊಡುವ ಲೈಸೆನ್ಸ್ ಒಂದು. ಆಸ್ಟ್ರೇಲಿಯಾಕ್ಕೆ ದೋಣಿಯಲ್ಲಿ ಬರುವ ಆಶ್ರಯ ಬೇಡುವವರನ್ನು ಇಲ್ಲಿ ಇರಿಸಿಕೊಳ್ಳಲು ಆ ದೇಶ ಕೊಡುವ ದುಡ್ಡು ಇನ್ನೊಂದು. ಇದು 2001ರಲ್ಲಿ ಶುರುವಾಗಿ, 2008ರಲ್ಲಿ ನಿಂತು, 2012ರಲ್ಲಿ ಮತ್ತೆ ತೆರೆಯಿತು. ಎರಡನೆಯದು ನನಗೆ ಹಿಡಿಸುವುದಿಲ್ಲ. ಒಂದು ದೇಶ ತನಗೆ ಬೇಡದ್ದನ್ನು ಇನ್ನೊಂದರ ಅಂಗಳದಲ್ಲಿ ಇಡುವುದು, ಅದೂ ಅಂಗಳ ಅಗೆದು ಹೋದ ಮೇಲೆ.

ಪ್ರಶ್ನೆ: ನಾನು ರೈತ. ನೌರು ಫಾಸ್ಫೇಟ್‌ಗೂ ನಾವು ಹಾಕುವ ಡಿಎಪಿ ಗೊಬ್ಬರಕ್ಕೂ ಏನಾದರೂ ಸಂಬಂಧ ಇದೆಯಾ? (ಗಂಗಾವತಿಯ ಓದುಗರು)

ಇತ್ತು, ನೀವು ಊಹಿಸಿದ್ದಕ್ಕಿಂತ ಹತ್ತಿರದ್ದು. ಒಡಿಶಾದ ಪಾರಾದೀಪ್ ಫಾಸ್ಫೇಟ್ಸ್ ಕಂಪನಿ 1981ರಲ್ಲಿ ಹುಟ್ಟಿದ್ದೇ ಭಾರತ ಸರ್ಕಾರ ಮತ್ತು ನೌರು ಸರ್ಕಾರ ಜೊತೆಗೂಡಿ. ಕಲ್ಲು ಮಾರುವುದಷ್ಟೇ ಅಲ್ಲ, ಗೊಬ್ಬರ ಮಾಡುವ ಕಾರ್ಖಾನೆಯಲ್ಲೂ ಪಾಲಿರಲಿ ಎಂಬ ಯೋಚನೆ. ನೌರು ಹಾಕಿದ ದುಡ್ಡೆಲ್ಲವೂ ದುಂದಲ್ಲ, ಅದಕ್ಕೆ ಇದೇ ಉದಾಹರಣೆ. 1993ರಲ್ಲಿ ನೌರು ಪಾಲು ಬಿಟ್ಟು ಹೊರಬಂತು, ಆಮೇಲೆ ಕಂಪನಿ ಖಾಸಗಿಯವರ ಕೈ ಸೇರಿತು. ಈಗ ನಮ್ಮ ದೇಶಕ್ಕೆ ಫಾಸ್ಫೇಟ್ ಕಲ್ಲು ಹೆಚ್ಚಾಗಿ ಬರುವುದು ಜೋರ್ಡಾನ್, ಮೊರಾಕ್ಕೊ, ಈಜಿಪ್ಟ್ ಕಡೆಯಿಂದ.

ಪ್ರಶ್ನೆ: ಅಲ್ಲಿನ ಜನ ಯಾರು? ಏನು ತಿನ್ನುತ್ತಾರೆ, ಮನೆತನ ಹೇಗೆ? (ಉಡುಪಿಯ ಓದುಗರು)

ಹನ್ನೊಂದು ಹನ್ನೆರಡು ಸಾವಿರ ಜನ. ಮೈಕ್ರೊನೇಷ್ಯಾ ಮೂಲದವರು, ನೌರು ಭಾಷೆ ಮತ್ತು ಇಂಗ್ಲಿಷ್ ಮಾತಾಡುತ್ತಾರೆ, ಹೆಚ್ಚಿನವರು ಕ್ರೈಸ್ತರು. ಮೂಲ ಕುಲಗಳು 12, ಬಾವುಟದ ನಕ್ಷತ್ರಕ್ಕೆ 12 ಮೊನೆ ಅದಕ್ಕೇ. ಕುಲ ಬರುವುದು ತಾಯಿಯಿಂದ. ಬಳಿ (ತಾಯಿಯ ಕಡೆಯಿಂದ ಬರುವ ಕುಲ) ಲೆಕ್ಕ ಹಾಕುವ ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲ ಮಾತ್ರ ಮಕ್ಕಳಿಗೆಲ್ಲ ಹಂಚಿ ಹಂಚಿ ಒಂದು ತುಂಡಿಗೆ ಡಜನ್‌ಗಟ್ಟಲೆ ಪಾಲುದಾರರು. ತೀರಿಕೊಂಡವರ ಪಾಲು ಯಾರಿಗೆಷ್ಟು ಎಂಬುದು ಸರ್ಕಾರಿ ಗೆಜೆಟ್‌ನಲ್ಲಿ ಅಚ್ಚಾಗುತ್ತದೆ.

ಜನಸಂಖ್ಯೆ ಬಗ್ಗೆ ಅವರಿಗೊಂದು ದಿಗಿಲು ಇತ್ತು. 1,500ಕ್ಕಿಂತ ಕಡಿಮೆಯಾದರೆ ಜನಾಂಗ ಉಳಿಯದು ಎಂದು ನಂಬಿದ್ದರು. 1920ರ ಫ್ಲೂ ಬಹಳ ಜನರನ್ನು ಕೊಂದಿತ್ತು. 1932ರ ಅಕ್ಟೋಬರ್ 26ರಂದು ಒಂದು ಹೆಣ್ಣುಮಗು ಹುಟ್ಟಿ ಎಣಿಕೆ 1,500 ಮುಟ್ಟಿತು, ಇಂದಿಗೂ ಆ ದಿನ ಆಂಗಮ್ ಹಬ್ಬ. ಆಮೇಲೆ ಎರಡನೇ ಮಹಾಯುದ್ಧ. ಜಪಾನಿನ ಸೈನ್ಯ 1,200 ಜನರನ್ನು ದೂರದ ಟ್ರಕ್ (ಈಗಿನ ಚೂಕ್) ದ್ವೀಪಗಳಿಗೆ ಕೂಲಿಗೆ ಸಾಗಿಸಿತು. 1946ರ ಜನವರಿ 31ರಂದು ತಿರುಗಿ ಬಂದವರು 737. ಆ ಮಗು ಬರಲಿಲ್ಲ. ಸ್ವಾತಂತ್ರ್ಯಕ್ಕೆ ಜನವರಿ 31ನ್ನೇ ಆರಿಸಿದ್ದು ಏಕೆ ಅಂತ ಈಗ ತಿಳಿಯಿತಲ್ಲ.

ಊಟ ಅಂದರೆ ಅಕ್ಕಿ, ಡಬ್ಬಿ ಮಾಂಸ, ಎಲ್ಲ ಹಡಗಿನಲ್ಲಿ ಬರಬೇಕು. ಸಕ್ಕರೆ ಕಾಯಿಲೆ ಮನೆ ಮನೆಯಲ್ಲಿ. ಹಿಂದೆ ನಿಮ್ಮ ಕಡೆ ಹೂಮೀನು ಅನ್ನುವ ಮೀನಿನ ಮರಿಗಳನ್ನು ಸಮುದ್ರದಿಂದ ಹಿಡಿದು ತಂದು ಬುವಾಡಾ ಕೆರೆಯಲ್ಲಿ ಸಾಕುತ್ತಿದ್ದರು. 1960ರ ದಶಕದಲ್ಲಿ ಜಿಲೇಬಿ ಮೀನು ಬಿಟ್ಟರು, ಅದು ಕೆರೆ ತುಂಬಾ ಹಬ್ಬಿ ಹೂಮೀನಿಗೆ ಜಾಗವಿಲ್ಲದಂತಾಯಿತು. ನಾಡ್ಡಿ ಎಂಬ ಕಪ್ಪು ಕಡಲಹಕ್ಕಿಯನ್ನು ಮಾತ್ರ ಈಗಲೂ ಹಿಡಿಯುತ್ತಾರೆ. ಸಂಜೆಗತ್ತಲಲ್ಲಿ ಹಕ್ಕಿಯ ಕೂಗನ್ನು ರೆಕಾರ್ಡ್ ಮಾಡಿ ಹಾಕಿ, ಹತ್ತಿರ ಬಂದದ್ದನ್ನು ಉದ್ದ ಕೋಲಿನ ಬಲೆಯಲ್ಲಿ ಬಾಚುತ್ತಾರೆ.

ಪ್ರಶ್ನೆ: ನೋಡಲು ಹೋಗಬಹುದಾ? (ಹುಬ್ಬಳ್ಳಿಯ ಓದುಗರು)

ಹೋಗಬಹುದು. ನೌರು ಏರ್‌ಲೈನ್ಸ್ ವಿಮಾನ ಬ್ರಿಸ್ಬೇನ್‌ನಿಂದ ಸಿಗುತ್ತದೆ. ನೌರು ವೀಸಾ ಮೊದಲೇ ಮಾಡಿಸಿಕೊಳ್ಳಿ, ಬ್ರಿಸ್ಬೇನ್‌ನಲ್ಲಿ ವಿಮಾನ ಬದಲಿಸಲು ಆಸ್ಟ್ರೇಲಿಯಾದ ವೀಸಾ ಬೇಕಾ ಅಂತಲೂ ನೋಡಿಕೊಳ್ಳಿ. ಅಲ್ಲಿ ನಡೆಯುವುದು ಆಸ್ಟ್ರೇಲಿಯನ್ ಡಾಲರ್. ಕಾರ್ಡ್ ನಂಬಿ ಕೂರಬೇಡಿ, ನಗದು ಇಟ್ಟುಕೊಳ್ಳಿ. ಸಸ್ಯಾಹಾರಿಗಳಾದರೆ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡೇ ಹೊರಡಿ.